ರೊಟ್ಟಿ ಡಬ್ಬಿಯ ನಾಲ್ಕು ಮೂಲೆ

ಕಲಬುರಗಿಯ ನಮ್ಮ ಮನೆಯಿಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ)ಗಳನ್ನು ಆನ್‌ಲೈನ್‌ನಲ್ಲಿ ಮಾರಲು ಶುರು ಮಾಡಿದಾಗ ಕೊರಿಯರ್ ಖರ್ಚನ್ನು ಅಡುಗೆಮನೆಯ ತಕ್ಕಡಿ ನೋಡಿಯೇ ಹಾಕಿದ್ದೆ. 25 ರೊಟ್ಟಿ ಒಂದು ಕಿಲೋ. ಡಬ್ಬಿ ಸೇರಿ ಒಂದೂಕಾಲು. ಒಂದೂವರೆ ಕಿಲೋದ ದರ 90 ರೂಪಾಯಿ ಇತ್ತು, ಅದನ್ನೇ ಹಾಕಿಬಿಟ್ಟೆ. ತಿಂಗಳ ಕೊನೆಗೆ ಬಿಲ್ ನೋಡಿದರೆ ಒಂದೊಂದು ಡಬ್ಬಿಗೂ ಮೂರು ಕಿಲೋ!

ಜಗಳಕ್ಕೇ ಹೋದೆ. ಆಮೇಲೆ ಗೊತ್ತಾಯಿತು, ತಪ್ಪು ನನ್ನದೇ. ಕೊರಿಯರ್‌ನವರು ತೂಕ ನೋಡುತ್ತಾರೆ, ಡಬ್ಬಿ ಹಿಡಿಯುವ ಜಾಗವನ್ನೂ ನೋಡುತ್ತಾರೆ. ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸಬೇಕು. ನನ್ನ ಡಬ್ಬಿ 30, 30, 15. ಲೆಕ್ಕ 2.7 ಕಿಲೋ ಬಂತು. ದರ ಅರ್ಧರ್ಧ ಕಿಲೋ ಲೆಕ್ಕದಲ್ಲಿ ಏರುವುದರಿಂದ ಅದು ಮೂರು. ಮೇಲೆ 18% ಜಿಎಸ್‌ಟಿ ಬೇರೆ. ದರಪಟ್ಟಿಯಲ್ಲಿ ಅದು ಸೇರಿರಲಿಲ್ಲ, ನಾನೂ ಕೇಳಿರಲಿಲ್ಲ. ಎಲ್ಲಾ ಸೇರಿ 150 ಹತ್ತಿರ ಹೋಯಿತು.

250 ರೂಪಾಯಿ ರೊಟ್ಟಿಗೆ 150 ಡೆಲಿವರಿ ಅಂತ ಹೇಗೆ ತೋರಿಸೋದು? ನಾಚಿಕೆಯಾಗಿ ‘ಫ್ರೀ ಡೆಲಿವರಿ’ ಅಂತ ಬರೆದು ರೊಟ್ಟಿಯ ದರವನ್ನೇ 400 ಮಾಡಿದೆ. ಆರ್ಡರ್ ನಿಂತೇ ಹೋದವು. ಬೆಂಗಳೂರಿನಲ್ಲಿರುವ ನಮ್ಮ ಕಡೆಯವರೊಬ್ಬರು ಫೋನ್ ಮಾಡಿ, “ಅಕ್ಕಾರ, ಒಂದ್ ರೊಟ್ಟಿಗಿ 16 ರೂಪಾಯೇನ್ರಿ? ಬಂಗಾರದ್ದೇನು?” ಅಂದರು. ರೊಟ್ಟಿ ಬೆಲೆ ಎಲ್ಲರಿಗೂ ಗೊತ್ತು. ಗೊತ್ತಿರುವ ಬೆಲೆಯೊಳಗೆ ಸಾಗಾಟ ಬಚ್ಚಿಡಲು ಹೋದರೆ ನಾವೇ ದುಬಾರಿಯವರಾಗಿ ಕಾಣುತ್ತೇವೆ. ಯಾರೂ ಬೆಲೆ ಹೋಲಿಸದ ಸಾಮಾನಾದರೆ ನಡೆಯುತ್ತಿತ್ತೋ ಏನೋ.

ಆಮೇಲೆ ರೊಟ್ಟಿ 250 ಅಂತ ಹಾಕಿ, ಡೆಲಿವರಿ ಚಾರ್ಜನ್ನು ದುಡ್ಡು ಕಟ್ಟುವ ಕೊನೆಯ ಪುಟದಲ್ಲಿ ಇಟ್ಟೆ. ಜನ ಅಲ್ಲಿವರೆಗೆ ಬರುತ್ತಿದ್ದರು, ನೋಡುತ್ತಿದ್ದರು, ಹೋಗುತ್ತಿದ್ದರು. ಹೀಗೆ ಕೊನೆಗೆ ಚಾರ್ಜ್ ತೋರಿಸೋದನ್ನು ಕೇಂದ್ರ ಸರ್ಕಾರ 2023ರ ನವೆಂಬರ್‌ನಲ್ಲಿ ‘ಡಾರ್ಕ್ ಪ್ಯಾಟರ್ನ್’, ಅಂದರೆ ಆನ್‌ಲೈನ್‌ನಲ್ಲಿ ಗ್ರಾಹಕರನ್ನು ದಾರಿ ತಪ್ಪಿಸುವ ತಂತ್ರಗಳ ಪಟ್ಟಿಗೆ ಸೇರಿಸಿದೆ. ಕಾನೂನಿಗೆ ಹೆದರಿ ಬಿಟ್ಟೆ ಅಂದರೆ ಸುಳ್ಳಾಗುತ್ತದೆ. ವ್ಯಾಪಾರ ಆಗಲಿಲ್ಲ, ಬಿಟ್ಟೆ.

ದಾರಿ ತೋರಿಸಿದ್ದು ಅವ್ವ. ಡಬ್ಬಿ ಕಟ್ಟುವಾಗ, “ರೊಟ್ಟಿ ದುಂಡಗ, ಡಬ್ಬಿ ಚೌಕ. ಮೂಲಿ ಸುಮ್ನೆ ಖಾಲಿ ಹೊಂಟಾವಲ್ಲ” ಅಂದಳು. ಹೌದಲ್ವಾ! ಮೂರು ಕಿಲೋ ದುಡ್ಡು ಹೇಗೂ ಕಟ್ಟುತ್ತಿದ್ದೇವೆ, ಒಳಗಿರೋದು ಒಂದೂಕಾಲು. ನಾಲ್ಕು ಮೂಲೆಗೆ ಕಾಲು ಕಿಲೋದ ನಾಲ್ಕು ಪೊಟ್ಟಣ ನಿಲ್ಲಿಸಿದೆ: ಎರಡು ಶೇಂಗಾ ಹಿಂಡಿ, ಒಂದು ಅಗಸಿ, ಒಂದು ಗುರೆಳ್ಳು. ಒಟ್ಟು ಎರಡೂಕಾಲು ಕಿಲೋ, ಬಿಲ್ ಅಷ್ಟೇ. ರೊಟ್ಟಿ ಅಲುಗಾಡದೆ ಮುರಿಯೋದೂ ಕಡಿಮೆಯಾಯಿತು.

ಈಗ ರೊಟ್ಟಿಯ ಫೋಟೋ ಕೆಳಗೇ ಬರೆದಿದ್ದೇನೆ: “ಡೆಲಿವರಿ 150. ಇದೇ ಡಬ್ಬಿಯಲ್ಲಿ ನಾಲ್ಕು ಹಿಂಡಿ ಪೊಟ್ಟಣಕ್ಕೆ ಜಾಗವಿದೆ, ಡೆಲಿವರಿ ಹೆಚ್ಚಾಗಲ್ಲ.” ಬರೀ ರೊಟ್ಟಿ ಕೇಳುವವರು ಈಗ ಅಪರೂಪ. ಕ್ಯಾಶ್ ಆನ್ ಡೆಲಿವರಿ ನಿಲ್ಲಿಸಿದ್ದೇನೆ. ಬಾಗಿಲಲ್ಲಿ ಬೇಡ ಅಂದರೆ ಹೋಗುವ ಖರ್ಚು, ಬರುವ ಖರ್ಚು ಎರಡೂ ನಮ್ಮ ತಲೆಗೆ, ಬಂದಿದ್ದು ರೊಟ್ಟಿ ಪುಡಿ.

ಈಶಾನ್ಯ ರಾಜ್ಯಗಳ ಪಿನ್‌ಕೋಡ್ ಬಂದರೆ ಮಾತ್ರ ದರ ಬೇರೆ. ಹಾಗಾಗಿ ಮೊದಲು ಫೋನ್ ಮಾಡುತ್ತೇನೆ. ಅಸ್ಸಾಂನಲ್ಲಿ ಡ್ಯೂಟಿಯಲ್ಲಿದ್ದ ನಮ್ಮ ಜಿಲ್ಲೆಯ ಸೈನಿಕರೊಬ್ಬರಿಗೆ 320 ಆಗುತ್ತದೆ, ರೊಟ್ಟಿ ಮುರಿಯಲೂಬಹುದು ಅಂತ ಹೇಳಿದೆ. “ಕಳಸ್ರಿ ಅಕ್ಕಾ,” ಅಂದರು, “ಮುರದ್ರ ಮಜ್ಜಿಗ್ಯಾಗ ಹಾಕ್ಕೊಂಡು ತಿಂತೀನಿ.”