ಚಿಲ್ಲರ್ ಇಲ್ಲದೆ ಮುಲುಂಡಿನಲ್ಲಿ ಹವಳ: ನನ್ನ ಅನುಭವ

ಮುಂಬೈಯ ಮುಲುಂಡಿನಲ್ಲಿ, ನೀರು ತಂಪು ಮಾಡುವ ಯಂತ್ರ ಅಂದರೆ ಚಿಲ್ಲರ್ ಇಲ್ಲದೆ, ಮನೆಯೊಳಗೆ ಉಪ್ಪುನೀರಿನ ಟ್ಯಾಂಕಿನಲ್ಲಿ ಹವಳ ಸಾಕಿದ್ದೇನೆ. ಆ ಟ್ಯಾಂಕು ಮೂರು ಮೇ ತಿಂಗಳು ದಾಟಿದೆ. ಅದಕ್ಕೇ ಈಗ ಬರೆಯುವ ಧೈರ್ಯ ಬಂತು. ಮೊದಲ ವರ್ಷವೇ ಬರೆದಿದ್ದರೆ "ಮುಂದಿನ ಬೇಸಿಗೆ ಬರಲಿ, ನೋಡೋಣ" ಅನ್ನುವವರೇ ಜಾಸ್ತಿ ಇದ್ದರು. ಕುರ್ಲಾದಲ್ಲಿ ಒಬ್ಬ ಗೆಳೆಯ ಇದ್ದಾನೆ, ಉಡುಪಿ ಕಡೆಯವನು. ನಾಲ್ಕಡಿ ಟ್ಯಾಂಕು, ಸಂಪು (ಕೆಳಗಿನ ಫಿಲ್ಟರ್ ತೊಟ್ಟಿ), ಸ್ಕಿಮ್ಮರು (ನೊರೆ ಎಬ್ಬಿಸಿ ಕೊಳೆ ತೆಗೆಯುವ ಸಾಧನ), ಚಿಲ್ಲರು ಎಲ್ಲ ಇಟ್ಟುಕೊಂಡವನು. ನನ್ನ ಪ್ಲಾನ್ ಕೇಳಿ ಅವನು ಹೇಳಿದ್ದು ಇಷ್ಟೇ: "ಚಿಲ್ಲರ್ ಇಲ್ಲದೆ ಮುಂಬೈಯಲ್ಲಿ ಹವಳವಾ ಮಾರಾಯಾ? ಮೇ ತಿಂಗಳಲ್ಲಿ ಗಸಿ ಆಗ್ತದೆ. ಒಂದು ತೆಂಗಿನಕಾಯಿ ತಂದಿಟ್ಟುಕೋ." ಗಸಿ ಅಂದರೆ ನಮ್ಮ ಕಡೆಯ ತೆಂಗಿನಕಾಯಿ ಸಾರು.

ಅಮ್ಮ ಊರಿಂದ ಫೋನಿನಲ್ಲಿ ಕೇಳಿದ್ದು ಇನ್ನೂ ನೇರ. "ಮೀನ್ ಇಪ್ಪುದ್ ತಿಂಬುಕೆ ಅಲ್ದಾ ಮಗಾ, ಕಾಂಬುಕಾ?"

ನನಗೆ ಧೈರ್ಯ ಬಂದದ್ದು ಹಾಜಿ ಅಲಿಯ ಬಂಡೆಗಳ ಮೇಲೆ. ಚಳಿಗಾಲದಲ್ಲಿ ಇಳಿತದ ಹೊತ್ತಿಗೆ ಮರೀನ್ ಲೈಫ್ ಆಫ್ ಮುಂಬೈನವರು ದಡದ ಜೀವಿಗಳನ್ನು ತೋರಿಸಲು ಜನರನ್ನು ಕರೆದುಕೊಂಡು ಹೋಗುತ್ತಾರೆ. ಒಮ್ಮೆ ಹೋಗಿದ್ದೆ. ಆ ಕೊಳಕು ನೀರು, ಆ ಬಿಸಿಲು, ಪಕ್ಕದಲ್ಲೇ ತೇಲುವ ಪ್ಲಾಸ್ಟಿಕ್ಕು, ಅದರ ನಡುವೆ ಬಂಡೆಗೆ ಚಾಪೆ ಹಾಸಿದ ಹಾಗೆ ಜೋವಾ, ಅಂದರೆ ಹೂವಿನಂಥ ಮೆತ್ತನೆ ಹವಳ, ಹಬ್ಬಿತ್ತು. 2020ರಲ್ಲಿ ಕೋಸ್ಟಲ್ ರೋಡಿಗಾಗಿ ವರ್ಲಿ, ಹಾಜಿ ಅಲಿ ಕಡೆಯ ಹವಳಗಳನ್ನು ಎತ್ತಿ ಬೇರೆ ಕಡೆ ಕೂರಿಸಿದರು ಅಂತ ಓದಿದ್ದೆ. ಆದರೆ ಕಣ್ಣಾರೆ ನೋಡುವುದೇ ಬೇರೆ. ಇವು ಇಲ್ಲಿ ಬದುಕುತ್ತವೆ ಅಂದರೆ ನನ್ನ ಮನೆಯ ಹಾಲ್‌ನಲ್ಲಿ ಯಾಕೆ ಬದುಕಬಾರದು? ಅಲ್ಲಿಂದ ಒಂದು ಚೂರೂ ಕಿತ್ತು ತರಲಿಲ್ಲ, ನೀವೂ ತರಬೇಡಿ. ಬಿಲ್ಲು ಕೊಡುವ ಅಂಗಡಿಯಿಂದಲೇ ಕೊಂಡೆ. ಜೋವಾ, ಮಶ್ರೂಮ್, ಗ್ರೀನ್ ಸ್ಟಾರ್ ಪಾಲಿಪ್, ಎಲ್ಲ ಮೆತ್ತನೆ ಹವಳಗಳು, ಇಷ್ಟೇ. ಕಲ್ಲು ಹವಳದ ಆಸೆಯನ್ನು ಶುರುವಿನಲ್ಲೇ ಬಿಟ್ಟೆ. 2001ರಿಂದ ಅದು ವನ್ಯಜೀವಿ ಕಾಯ್ದೆಯ ಒಂದನೇ ಪಟ್ಟಿಯಲ್ಲಿದೆ, ಹುಲಿ ಇರುವ ಪಟ್ಟಿಯಲ್ಲೇ. ಒಬ್ಬ ಅಂಗಡಿಯವ "ಒಳಗಡೆ ಇದೆ, ನೋಡ್ತೀರಾ" ಅಂತ ಪಿಸುಗುಟ್ಟಿದ. ಕೈ ಮುಗಿದು ಬಂದೆ.

ಟ್ಯಾಂಕು ಎರಡಡಿ ಉದ್ದ, ಒಂದಡಿ ಅಗಲ, ಒಂದೂವರೆ ಅಡಿ ಎತ್ತರ. ಲೆಕ್ಕಕ್ಕೆ 85 ಲೀಟರ್, ಕಲ್ಲು ಮರಳು ಕಳೆದರೆ 70 ಇರಬಹುದು. ಸಂಪ್ ಇಲ್ಲ, ಸ್ಕಿಮ್ಮರ್ ಇಲ್ಲ. ಹಿಂದೆ ನೇತುಹಾಕುವ ಫಿಲ್ಟರ್, ಅದರೊಳಗೆ ನೀರಿನ ಕೊಳೆ ಹೀರುವ ಒಂದು ಹಿಡಿ ಚೀಟೋ ಪಾಚಿ, ವಾರಕ್ಕೆ 7 ಲೀಟರ್ ನೀರು ಬದಲು. ಸ್ಕಿಮ್ಮರನ್ನು ನಾನೇ ಮಾಡಲು ಹೋಗಿದ್ದೆ, ಪಿವಿಸಿ ಪೈಪು, ಮರದ ಏರ್ ಸ್ಟೋನು ಎಲ್ಲ ತಂದು. ನೊರೆ ಬಂತು, ಕಪ್ಪಿಗೆ ಬೀಳುವ ಬದಲು ಗೋಡೆ ಮೇಲೆ ಬಿತ್ತು. 600 ರೂಪಾಯಿ ಹೋಯಿತು.

ಮೊದಲ ದೊಡ್ಡ ತಪ್ಪು ನೀರಿನದು. ಸಮುದ್ರದ ಪಕ್ಕ ಇದ್ದುಕೊಂಡು ಉಪ್ಪು ಯಾಕೆ ಕೊಳ್ಳಬೇಕು ಅನ್ನುವ ಜಿಪುಣತನ. ಅಕ್ಟೋಬರಿನಲ್ಲಿ ಮಡ್ ಐಲೆಂಡ್ ಕಡೆ ದೋಣಿಯವರಿಗೆ ಚಾ ಕುಡಿಸಿ 40 ಲೀಟರ್ ತರಿಸಿದೆ. ಅಳೆದರೆ ಉಪ್ಪುನೀರಿನ ಸಾಂದ್ರತೆ 1.018, ಬೇಕಾದದ್ದು 1.025ರ ಆಸುಪಾಸು. ಮಳೆಗಾಲದ ನೀರು ಇನ್ನೂ ಪೂರ್ತಿ ಬೆರೆತಿರಲಿಲ್ಲ. ಎರಡು ದಿನ ಬಿಟ್ಟು ಮುಚ್ಚಳ ತೆಗೆದರೆ ಬಿಲ್ಡಿಂಗಿಗೆಲ್ಲ ವಾಸನೆ. ಹಾಗಂತ ಬುದ್ಧಿ ಬಂತಾ? ಇಲ್ಲ. ಜನವರಿಯಲ್ಲಿ ಊರಿಗೆ ಹೋದಾಗ ಮರವಂತೆಯಲ್ಲಿ ಎರಡು ಕ್ಯಾನು ತುಂಬಿಸಿ ಮತ್ಸ್ಯಗಂಧ ರೈಲಿಗೆ ಹತ್ತಿಸಿದೆ. ಟಿಸಿ ಕ್ಯಾನಿನಲ್ಲಿ ಏನಿದೆ ಅಂತ ಕೇಳಿದರು. ಸಮುದ್ರದ ನೀರು ಅಂದೆ. "ಮುಂಬೈಯಲ್ಲಿ ಸಮುದ್ರ ಇಲ್ವಾ?" ಅಂದರು. ಏನು ಉತ್ತರ ಕೊಡುವುದು ಹೇಳಿ. ಆ ನೀರು ಮಾತ್ರ ಚೆನ್ನಾಗಿತ್ತು, 1.024ರ ಹತ್ತಿರ, ಎರಡು ವಾರ ಕತ್ತಲಲ್ಲಿಟ್ಟು ಬಳಸಿದೆ. ಆದರೆ ಥಾಣೆ ಸ್ಟೇಷನ್ನಿನಿಂದ ಮನೆಗೆ ಟ್ಯಾಕ್ಸಿಯೇ ಉಪ್ಪಿಗಿಂತ ದುಬಾರಿ ಆಯಿತು. ಈಗ ಅಕ್ವೇರಿಯಂ ಅಂಗಡಿಯ ಪ್ಯಾಕೆಟ್ ಉಪ್ಪೇ. ಲೀಟರಿಗೆ 37 ಗ್ರಾಂ ಹಾಕುತ್ತೇನೆ, ತಿಂಗಳಿಗೆ 300 ರೂಪಾಯಿ ಆಚೀಚೆ ಬೀಳುತ್ತೆ.

ಕೊಳಾಯಿ ನೀರಿನ ಟಿಡಿಎಸ್ (ಕರಗಿದ ಲವಣಗಳ ಅಳತೆ) ನಮ್ಮಲ್ಲಿ ಮಾಮೂಲಿಯಾಗಿ 90 ಇರುತ್ತೆ. ಬೇಸಿಗೆಯಲ್ಲಿ ಟ್ಯಾಂಕರ್ ಬಂದರೆ 500 ದಾಟುತ್ತೆ. ಅಡುಗೆಮನೆ ಆರ್‌ಒ ನೀರನ್ನು ಉಳಿದ ಲವಣ ಹೀರುವ ಒಂದು ಡಿಐ ಕಾರ್ಟ್ರಿಜ್ ಮೂಲಕ ಇಳಿಸಿದರೆ ಸೊನ್ನೆ. ಉಪ್ಪು ಅಳೆಯುವ ರಿಫ್ರಾಕ್ಟೋಮೀಟರ್ ವಿಷಯ ಒಂದು ಹೇಳಿಬಿಡುತ್ತೇನೆ. ನನ್ನದು ಬರೀ ಡಿಸ್ಟಿಲ್ಡ್ ನೀರಿಗೆ ಸೊನ್ನೆ ತೋರಿಸುತ್ತಿತ್ತು, ಸರಿ ಇದೆ ಅಂದುಕೊಂಡೆ. ಮೂರು ತಿಂಗಳು ಟ್ಯಾಂಕು 1.030ರಲ್ಲಿ ಓಡುತ್ತಿತ್ತು, ಅದು 1.025 ಅಂತಿತ್ತು. ಅದನ್ನು ಪರೀಕ್ಷಿಸಲು 36.5 ಗ್ರಾಂ ಅಡುಗೆ ಉಪ್ಪನ್ನು 963.5 ಗ್ರಾಂ ಡಿಸ್ಟಿಲ್ಡ್ ನೀರಿಗೆ ಹಾಕಿ ಕದಡಿ. ಅದಕ್ಕೆ ರಿಫ್ರಾಕ್ಟೋಮೀಟರ್ ಸಾವಿರಕ್ಕೆ 35 ತೋರಿಸಬೇಕು. ಅಕ್ಕಸಾಲಿಗರ ಹಾಗೆ ತೂಗಿ.

ಟ್ಯಾಂಕಿನೊಳಗೆ ಹವಳ ಕೂರಿಸುವ ಕಲ್ಲಿಗೆ ದುಡ್ಡು ಕೊಡಲು ಮನಸ್ಸಾಗಲಿಲ್ಲ. ಊರಿನ ಮುರಕಲ್ಲು, ಅದೇ ಚಿರೆಕಲ್ಲು, ಎಷ್ಟು ತೂತು ತೂತು ಅಲ್ವಾ, ಬ್ಯಾಕ್ಟೀರಿಯಾಕ್ಕೆ ಅರಮನೆ ಅಂದುಕೊಂಡು ಎರಡು ತುಂಡು ತಂದು ಬಕೆಟ್ಟಿನಲ್ಲಿ ಲೈಟ್ ಕೆಳಗಿಟ್ಟೆ. ಮೂರನೇ ವಾರಕ್ಕೆ ಹಸಿರು ಕೂದಲು ಬೆಳೆದು ಋಷಿಗಳ ಗಡ್ಡದ ಹಾಗಾಯಿತು. ಕಬ್ಬಿಣದ ಅಂಶ ಬಿಡುತ್ತೆ ಅಂತ ನನ್ನ ಅಂದಾಜು. ಆಮೇಲೆ ಬಿಳಿ ಸಿಮೆಂಟು, ಪುಡಿ ಮಾಡಿದ ಕಪ್ಪೆಚಿಪ್ಪು, ಕಲ್ಲುಪ್ಪು ಕಲಸಿ ಒದ್ದೆ ಮರಳಿನ ಗುಂಡಿಯಲ್ಲಿ ಎರಕ ಹೊಯ್ದೆ. ಉಪ್ಪು ಕರಗಿ ಹೋದ ಜಾಗದಲ್ಲಿ ತೂತು ಉಳಿಯುತ್ತೆ. ನೋಡಲು ಥೇಟ್ ಸಮುದ್ರದ ಕಲ್ಲು. ಹನ್ನೆರಡನೇ ದಿನಕ್ಕೆ ತಾಳ್ಮೆ ಹೋಗಿ ಟ್ಯಾಂಕಿಗೆ ಇಳಿಸಿದೆ. ಪಿಎಚ್ 9 ದಾಟಿತು, ಆರು ಬಸವನಹುಳು ಸತ್ತವು. ವಿನೆಗರ್‌ನಲ್ಲಿ ನೆನೆಸಿದರೆ ಬೇಗ ಆಗುತ್ತೆ ಅಂತ ಯಾರೋ ಹೇಳಿದ್ದರು. ಮೇಲ್ಪದರ ಕರಗಿತು, ಒಳಗಿನ ಸುಣ್ಣ ಹಾಗೇ ಇತ್ತು. ಎಂಟು ವಾರ, ಮೂರು ದಿನಕ್ಕೊಮ್ಮೆ ನೀರು ಬದಲು, ಬೇರೆ ದಾರಿ ನನಗೆ ಸಿಕ್ಕಲಿಲ್ಲ. ಅಷ್ಟು ದಿನ ಬಾತ್‌ರೂಮಿನಲ್ಲಿ ಸ್ನಾನಕ್ಕೆ ಒಂದೇ ಬಕೆಟ್. ಹೆಂಡತಿ ಆಗ ಹೇಳಿದ್ದನ್ನು ಬರೆಯುವುದಿಲ್ಲ.

ಸೈಕಲ್‌ಗೆ, ಅಂದರೆ ಕೊಳೆ ಜೀರ್ಣಿಸುವ ಬ್ಯಾಕ್ಟೀರಿಯಾ ಬೆಳೆಸಲು, ಮಾರ್ಕೆಟ್ಟಿನ ಒಂದು ಚಟ್ಲಿ (ಸೀಗಡಿ) ಹಾಕಿದೆ, ಐದು ವಾರ ಹಿಡಿಯಿತು. ಅದರಲ್ಲಿ ಹೊಸದೇನೂ ಇಲ್ಲ, ಬಿಡಿ.

ಈಗ ಬಿಸಿಯ ವಿಷಯ. ಮೇ ತಿಂಗಳಲ್ಲಿ ನಮ್ಮ ಹಾಲ್‌ನಲ್ಲಿ ಮಧ್ಯಾಹ್ನ 33 ಡಿಗ್ರಿ. ಚಿಲ್ಲರಿನ ಬೆಲೆ ಕೇಳಿದರೆ ನನ್ನ ಇಡೀ ಬಜೆಟ್ಟು ಅದೊಂದಕ್ಕೇ. ಮೊದಲು ಐಸ್ ಬಾಟಲಿ ಹಾಕಿದೆ. ಎರಡು ಡಿಗ್ರಿ ಇಳಿಯುತ್ತೆ, ಎರಡು ಗಂಟೆಯಲ್ಲಿ ಮತ್ತೆ ಏರುತ್ತೆ. ಆ ಏರಿಳಿತವೇ ಜಾಸ್ತಿ ಕೆಟ್ಟದ್ದು, ಜೋವಾ ಒಂದು ವಾರ ಬಾಯಿ ಮುಚ್ಚಿಕೊಂಡವು. ಆಮೇಲೆ ಮಡಕೆ ಪ್ರಯೋಗ. ದೊಡ್ಡ ಮಣ್ಣಿನ ಮಡಕೆಗೆ ನೀರು ತುಂಬಿ, ಒಳಗೆ ಪೈಪು ಸುರುಳಿ ಸುತ್ತಿ, ಟ್ಯಾಂಕಿನ ನೀರನ್ನು ಅದರ ಮೂಲಕ ಹಾಯಿಸಿದೆ. ಕಾಗದದ ಮೇಲೆ ಅದ್ಭುತ. ಇಳಿದದ್ದು ಅರ್ಧ ಡಿಗ್ರಿ, ಆ ಪಂಪಿನ ಬಿಸಿ ಅಷ್ಟನ್ನೂ ವಾಪಸು ಕೊಟ್ಟಿತು. ನಮ್ಮ ಏಸಿ ರಿಪೇರಿಯವರು ನೋಡಿ, "ಪ್ಲಾಸ್ಟಿಕ್ ಯಾಕೆ, ತಾಮ್ರದ ಪೈಪು ಹಾಕಿ, ನಾನೇ ಸುತ್ತಿ ಕೊಡ್ತೇನೆ" ಅಂದರು. ತಾಮ್ರ ಉಪ್ಪುನೀರಿನಲ್ಲಿ ಕರಗಿದರೆ ಹವಳಕ್ಕೆ, ಸೀಗಡಿಗೆ ವಿಷ. ಪುಣ್ಯಕ್ಕೆ ಅವತ್ತು ಅವರ ಹತ್ತಿರ ಪೈಪು ಇರಲಿಲ್ಲ, ನಾನು ರಾತ್ರಿ ಯೋಚನೆ ಮಾಡಿ ಎಚ್ಚೆತ್ತುಕೊಂಡೆ.

ಕೊನೆಗೆ ಕೆಲಸ ಮಾಡಿದ್ದು ಬಡವರ ಉಪಾಯವೇ. ಲ್ಯಾಮಿಂಗ್ಟನ್ ರೋಡಿನಿಂದ ಎರಡು 12 ವೋಲ್ಟ್ ಕಂಪ್ಯೂಟರ್ ಫ್ಯಾನು, ಒಂದು 350 ರೂಪಾಯಿಯ ಥರ್ಮೋಸ್ಟಾಟು, ಮೊಟ್ಟೆ ಇನ್‌ಕ್ಯುಬೇಟರಿಗೆ ಹಾಕುತ್ತಾರಲ್ಲ ಅದೇ. 27.5ಕ್ಕೆ ಶುರು, 26.5ಕ್ಕೆ ಬಂದ್. ಫ್ಯಾನು ನೀರಿನ ಮೇಲೆ ಗಾಳಿ ಬೀಸುತ್ತೆ, ನೀರು ಆರುತ್ತಾ ತಣ್ಣಗಾಗುತ್ತೆ, ಅದಕ್ಕೇ ಟ್ಯಾಂಕಿಗೆ ಮುಚ್ಚಳ ಇಲ್ಲ. ಮುಂಬೈಯ ಸೆಕೆಯಲ್ಲಿ ನೀರು ಆರುವುದೇ ಇಲ್ಲ, ಫ್ಯಾನಿನಿಂದ ಏನೂ ಆಗುವುದಿಲ್ಲ ಅಂತ ಎಲ್ಲರೂ ಹೇಳಿದ್ದರು. ಅರ್ಧ ನಿಜ. ಜುಲೈಯಲ್ಲಿ ಏನೂ ಆಗುವುದಿಲ್ಲ. ಆದರೆ ಜುಲೈಯಲ್ಲಿ ಹೊರಗೇ 27, 28 ಇರುವಾಗ ಯಾರಿಗೆ ಬೇಕು? ಮೇ ತಿಂಗಳಲ್ಲಿ, ಅಕ್ಟೋಬರಿನಲ್ಲಿ ಮೂರೂವರೆ ನಾಲ್ಕು ಡಿಗ್ರಿ ಇಳಿಯುತ್ತೆ. ಆ ತಿಂಗಳುಗಳಲ್ಲಿ 29ಕ್ಕಿಂತ ಕೆಳಗೆ ಹೋಗುವುದಿಲ್ಲ, ಎಷ್ಟು ಫ್ಯಾನು ಹಾಕಿದರೂ. ನಾಲ್ಕು ಹಾಕಿ ನೋಡಿದ್ದೇನೆ. ಆದರೆ ಮೆತ್ತನೆ ಹವಳಕ್ಕೆ 29 ಸಾಕು.

ಬಿಸಿ ತಡೆಯುವ ಉಪಾಯದ ಇನ್ನೊಂದು ಅರ್ಧ ಲೈಟಿನದು. ಸಂಜೆ ಆರೂವರೆಗೆ ಹಚ್ಚಿ ರಾತ್ರಿ ಒಂದೂವರೆಗೆ ಆರಿಸುತ್ತೇನೆ. ಹಗಲಿನ ಬಿಸಿಯ ಮೇಲೆ ಲೈಟಿನ ಬಿಸಿ ಕೂಡುವುದಿಲ್ಲ, ಆಫೀಸಿನಿಂದ ಬಂದ ಮೇಲೆ ನೋಡಲೂ ಸಿಗುತ್ತೆ. ಎಲ್‌ಇಡಿ ನಾನೇ ಜೋಡಿಸಿದ್ದು, ರಾಯಲ್ ಬ್ಲೂ ಜಾಸ್ತಿ, ಬಿಳಿ ಕಮ್ಮಿ, ಹಳೇ ಆಂಪ್ಲಿಫೈಯರಿನ ಹೀಟ್‌ಸಿಂಕ್ ಮೇಲೆ. ಫ್ಯಾನಿಗೆ ಉಪ್ಪು ಹಿಡಿದು ಎಂಟು ಒಂಬತ್ತು ತಿಂಗಳಿಗೆ ಸಾಯುತ್ತೆ, ಒಂದು ಸ್ಪೇರ್ ಇಟ್ಟಿರಿ. ಫ್ಯಾನಿನ ಜೊತೆ ನಾನು ಇನ್ನೊಂದು ಸಣ್ಣ ಕೆಲಸ ಮಾಡಿದ್ದೇನೆ, ಕೊನೆಯ ಒಂದು ಡಿಗ್ರಿ ಅದರದ್ದೇ. ಅದನ್ನು ಇಲ್ಲಿ ಹೇಳುವುದಿಲ್ಲ, ಮನೆಗೆ ಬಂದರೆ ತೋರಿಸುತ್ತೇನೆ.

ಫ್ಯಾನಿನ ಬೆಲೆ ನೀರಿನಲ್ಲಿ ಕಟ್ಟಬೇಕು. ಮೇ ತಿಂಗಳಲ್ಲಿ ದಿನಕ್ಕೆ ಎರಡು ಲೀಟರ್ ಆರುತ್ತೆ. ಉಪ್ಪು ಏರುತ್ತೆ. ಆರಿದಷ್ಟು ನೀರನ್ನು ತಾನೇ ತುಂಬುವ ಆಟೋ ಟಾಪ್ ಆಫ್ ಕೊಳ್ಳುವ ಬದಲು ಮೆಡಿಕಲ್ ಶಾಪಿನಿಂದ 30 ರೂಪಾಯಿಯ ಸಲೈನ್ ಡ್ರಿಪ್ ಸೆಟ್ ತಂದೆ. ಕಪಾಟಿನ ಮೇಲೆ ಉಪ್ಪಿಲ್ಲದ ನೀರಿನ ಕ್ಯಾನು, ಅಲ್ಲಿಂದ ಹನಿ ಹನಿ. ತಿಂಗಳಿಗೊಂದು ಸೆಟ್ಟು ಬೇಕು. ನಾಲ್ಕನೇ ಸಲ ಹೋದಾಗ ಅಂಗಡಿಯವರು ತುಂಬ ಕನಿಕರದಿಂದ "ಪೇಶಂಟ್ ಕಸಾ ಆಹೇ?" (ಪೇಶಂಟ್ ಹೇಗಿದ್ದಾರೆ) ಅಂತ ಕೇಳಿದರು. ಬರಾ ಆಹೇ, ಚೆನ್ನಾಗಿದ್ದಾರೆ ಅಂದೆ. ಒಂದು ರಾತ್ರಿ ಅದರ ಚಕ್ರ ಜಾರಿ ಕ್ಯಾನಿನ ಹತ್ತು ಲೀಟರೂ ಇಳಿಯಿತು. ಟ್ಯಾಂಕು ತುಂಬಿ ಹರಿದು ಕೆಳಗಿನ ಮನೆಯ ಕಾಕು ಅವರ ಸೀಲಿಂಗಿಗೆ ಕಲೆ. ಉಪ್ಪು 1.021ಕ್ಕೆ ಬಿತ್ತು. ಸುಣ್ಣ ಬಳಿಸಿಕೊಟ್ಟದ್ದಕ್ಕೆ 1,800. ಆವತ್ತಿನಿಂದ ಕ್ಯಾನಿಗೆ ಒಂದು ದಿನದ ನೀರು ಮಾತ್ರ ಹಾಕುತ್ತೇನೆ. ಜಾರಿದರೆ ಜಾರಲಿ.

ಸುಣ್ಣ ಅಂದಾಗ ನೆನಪಾಯಿತು. ನೀರಿಗೆ ಕ್ಯಾಲ್ಸಿಯಂ ಸೇರಿಸಲು ಕಾಲ್ಕ್‌ವಾಸರ್ ಅಂತ ಡಬ್ಬಿಯಲ್ಲಿ ಮಾರುವುದು ಸುಣ್ಣವೇ ಅಲ್ವಾ? ಅಮ್ಮ ಎಲೆಅಡಿಕೆಗೆ ಹಾಕುವ ಚಿಪ್ಪಿನ ಸುಣ್ಣವನ್ನೇ ನೀರಿಗೆ ಕದಡಿ, ಮೇಲಿನ ತಿಳಿಯನ್ನು ಡ್ರಿಪ್ ಸೆಟ್ಟಿನಲ್ಲಿ ರಾತ್ರಿ ಬಿಟ್ಟೆ. ಕೆಎಚ್ (ನೀರಿನ ಕ್ಷಾರತೆಯ ಅಳತೆ) 6 ಇದ್ದದ್ದು ತಿಂಗಳಲ್ಲಿ 8 ಆಯಿತು. ಕಲ್ಲಿನ ಮೇಲೆ ನೇರಳೆ ಪದರ ಬರತೊಡಗಿತು. ಖುಷಿಯಲ್ಲಿ ಒಂದು ರಾತ್ರಿ ನಿದ್ದೆಗಣ್ಣಿನಲ್ಲಿ ತಳದ ಗಸಿಯನ್ನೂ ಸೇರಿಸಿ ಸುರಿದೆ. ಟ್ಯಾಂಕು ಮಜ್ಜಿಗೆ. ಬೆಳಿಗ್ಗೆ ಕ್ಲೀನರ್ ಶ್ರಿಂಪ್ ಸತ್ತು ಅಂಗಾತ ಬಿದ್ದಿತ್ತು, 900 ರೂಪಾಯಿ. ಅಂಗಡಿಯ ಪಾನ್ ಚೂನಾ ಬಳಸಬೇಡಿ, ಅದರಲ್ಲಿ ಏನೇನು ಬೆರೆಸಿರುತ್ತಾರೋ. ನನ್ನ ಅಳತೆ ನನ್ನ ಟ್ಯಾಂಕಿಗೆ ಮಾತ್ರ, ಹಾಗಾಗಿ ಬರೆಯುತ್ತಿಲ್ಲ.

ಊಟಕ್ಕೆ ಚಟ್ಲಿ ಅರೆದು ತೆಳ್ಳಗೆ ಹರಡಿ ಫ್ರೀಜ್ ಮಾಡುತ್ತೇನೆ. ಬಂಗುಡೆ ಅಗ್ಗ ಅಂತ ಅದನ್ನೂ ಪ್ರಯತ್ನಿಸಿದೆ. ನೀರಿನ ಮೇಲೆ ಎಣ್ಣೆ ಪದರ, ಒಗ್ಗರಣೆ ಹಾಕಿದ ಹಾಗೆ. ಬೇಡ. ಮೀನು ಎರಡೇ, ಕ್ಲೌನ್ ಜೋಡಿ, ಹ್ಯಾಚರಿಯಲ್ಲಿ ಹುಟ್ಟಿದವು. ಹಿಡಿದು ತಂದದ್ದಕ್ಕಿಂತ ಗಟ್ಟಿ, ಜೋಡಿಗೆ 1,300. ಕರೆಂಟು ಹೋದರೆ ಬ್ಯಾಟರಿ ಏರ್ ಪಂಪು ಸಾಕು. ಒಂದು ಮಳೆಗಾಲದ ರಾತ್ರಿ ಆರು ಗಂಟೆ ಅದೇ ಎಳೆಯಿತು.

ಒಟ್ಟು ಎಷ್ಟಾಯಿತು ಅಂತ ಎಲ್ಲರೂ ಕೇಳುತ್ತಾರೆ. ಗಾಜು 2,200, ಲೈಟು 3,400 ಇರಬೇಕು, ಫಿಲ್ಟರು, ಅಲೆ ಎಬ್ಬಿಸುವ ವೇವ್‌ಮೇಕರು ಸೇರಿ 2,600, ಉಪ್ಪು 3,000ದ ಒಳಗೆ, ಟೆಸ್ಟ್ ಕಿಟ್ಟು 3,500. ಕಿಟ್ಟಿಗೆ ಅಷ್ಟು ಕೊಡುವಾಗ ಹೊಟ್ಟೆ ಉರಿಯಿತು. ರಿಫ್ರಾಕ್ಟೋಮೀಟರ್, ಡಿಐ, ಫ್ಯಾನು, ಸಿಮೆಂಟು ಎಲ್ಲ ಕೂಡಿ 4,000 ಚಿಲ್ಲರೆ, ಹವಳ 4,500, ಮೀನು ಮೇಲೆ ಹೇಳಿದ್ದು. 25,000ದ ಆಸುಪಾಸು. ಕೆಟ್ಟು ಕಲಿತದ್ದು ಬೇರೆ, 10,000ಕ್ಕೆ ಕಮ್ಮಿ ಇಲ್ಲ. ಮನೆಯಲ್ಲಿ ಹೇಳಿರುವ ಲೆಕ್ಕ 15,000. ಅದು ಹಾಗೇ ಇರಲಿ.

ಮೂರು ಪಾಲಿಪ್ ಇದ್ದ ಜೋವಾ ಈಗ ಅಂಗೈಗಿಂತ ದೊಡ್ಡದಾಗಿದೆ, ಎಣಿಸುವುದು ಬಿಟ್ಟಿದ್ದೇನೆ. ಸ್ಟಾರ್ ಪಾಲಿಪ್ ಹಿಂದಿನ ಗಾಜನ್ನೇ ಹತ್ತಿದೆ, ತಿಂಗಳಿಗೊಮ್ಮೆ ಬ್ಲೇಡಿನಲ್ಲಿ ಕೆರೆಯಬೇಕು. ಹೋದ ತಿಂಗಳು ಕುರ್ಲಾದ ಗೆಳೆಯ ಬಂದಿದ್ದ. ಅವನ ಚಿಲ್ಲರ್ ಕೆಟ್ಟು ನಾಲ್ಕು ದಿನ ರಿಪೇರಿಗೆ ಹೋಗಿತ್ತಂತೆ, ಟ್ಯಾಂಕಿನ ಅರ್ಧ ಜೀವಿಗಳು ಹೋದವಂತೆ. ತುಂಬ ಹೊತ್ತು ಫ್ಯಾನುಗಳನ್ನೇ ನೋಡುತ್ತಾ ಕೂತ. ಆಮೇಲೆ ಒಂದು ತುಂಡು ಜೋವಾ ಕೊಡ್ತೀಯಾ ಅಂದ. ಟೈಲ್ಸ್ ಚೂರಿನ ಮೇಲೆ ಅಂಟಿಸಿ ಕೊಟ್ಟೆ. 300 ರೂಪಾಯಿ ತಗೊಂಡೆ, ತೆಂಗಿನಕಾಯಿ ಮಾತು ಆಡಿದವನಲ್ವಾ.