ದಾರಿಯ ಪಾನಾದಲ್ಲೇ ಮನೆಯ ಕೆಲಸ

ನನ್ನ ಹತ್ತಿರ ಎರಡು ಜೊತೆ ಟೂಲ್ಸ್ ಇವೆ. ಒಂದು, ಹನುಮಂತನಗರದ ನಮ್ಮ ಮನೆಯ ಮೆಟ್ಟಿಲ ಕೆಳಗಿರುವ ಕಬ್ಬಿಣದ ಪೆಟ್ಟಿಗೆ. ಸಾಕೆಟ್ ಸೆಟ್, ಟಾರ್ಕ್ ರೆಂಚ್ (ನಟ್ಟು ಎಷ್ಟು ಬಿಗಿಯಾಯಿತು ಅಂತ ಅಳೆಯುವ ಪಾನಾ), ಸುತ್ತಿಗೆ ಎಲ್ಲಾ ಅದರಲ್ಲಿದೆ. ಇನ್ನೊಂದು, ಕ್ಯಾನ್ವಾಸ್ ಬಟ್ಟೆಯಲ್ಲಿ ಸುತ್ತಿಟ್ಟ ಚಿಕ್ಕ ಕಟ್ಟು. ಬೈಕ್ ಎಲ್ಲಿಗೆ ಹೋದರೂ ಅದು ಜೊತೆಗೆ ಹೋಗುತ್ತದೆ. ಭಾನುವಾರ ಬೈಕಿನ ಕೆಲಸಕ್ಕೆ ಕೂತಾಗ ನಾನು ಬಿಚ್ಚುವುದು ಆ ಕಟ್ಟನ್ನೇ. ಪೆಟ್ಟಿಗೆ ಎರಡು ಹೆಜ್ಜೆ ದೂರದಲ್ಲಿದ್ದರೂ ಮುಟ್ಟುವುದಿಲ್ಲ. ಕಟ್ಟಿನಲ್ಲಿರುವ ಪಾನಾದಿಂದ ಒಂದು ನಟ್ಟು ಬಿಚ್ಚಲು ಆಗಲಿಲ್ಲ ಅಂದರೆ, ಅದು ಘಾಟಿಯ ನಡುವೆಯೂ ಬಿಚ್ಚುವುದಿಲ್ಲ. ಆ ಸಂಗತಿ ನನಗೆ ಮನೆಯಲ್ಲೇ ಗೊತ್ತಾಗಬೇಕು.

ಈ ಅಭ್ಯಾಸ ಬಂದದ್ದು ಬೆಂಗಳೂರಿನಲ್ಲಿ ಅಲ್ಲ.

2018ರಲ್ಲಿ ಕೆಲಸಕ್ಕೆಂದು ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಹೋದೆ. ಐದು ವರ್ಷ ಅಲ್ಲಿದ್ದೆ. ಅಲ್ಲಿ ನೆಲೆಸಿದ ಮೇಲೆ ನಮ್ಮ ಲೈಸೆನ್ಸ್ ಆರು ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಬರೆಯುವ ಪರೀಕ್ಷೆ, ಓಡಿಸುವ ಪರೀಕ್ಷೆ ಎರಡನ್ನೂ ಮತ್ತೆ ಪಾಸು ಮಾಡಬೇಕು. ಅದು ಮುಗಿದ ಮೇಲೆ ಒಂದು ಸೆಕೆಂಡ್ ಹ್ಯಾಂಡ್ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಕೊಂಡೆ. ಚೆನ್ನೈ ಕಡೆ ತಯಾರಾದ ಬೈಕನ್ನು ಅಷ್ಟು ದೂರ ಹೋಗಿ ಹುಡುಕಿದ್ದಕ್ಕೆ ಕಾರಣ ಇತ್ತು. 411 ಸಿಸಿ, ಒಂದೇ ಸಿಲಿಂಡರ್. ರೇಡಿಯೇಟರ್ ಇಲ್ಲ. ಟ್ಯಾಪೆಟ್, ಅಂದರೆ ಎಂಜಿನ್ ವಾಲ್ವಿನ ಸಂದು, ಹೊಂದಿಸಲು ಒಂದು ಸ್ಕ್ರೂ, ಒಂದು ಲಾಕ್ ನಟ್ಟು, ಅಷ್ಟೇ. ಡಬಲ್ ಸ್ಟ್ಯಾಂಡ್ ಬೈಕಿನ ಜೊತೆಗೇ ಬರುತ್ತದೆ. ಕೈಯಾರೆ ಕೆಲಸ ಕಲಿಯುವವರಿಗೆ ಇದಕ್ಕಿಂತ ಸಲೀಸಾದ ಬೈಕ್ ನನಗೆ ಕಾಣಲಿಲ್ಲ.

ಕಲಿಯಲೇಬೇಕಿತ್ತು. ಅಲ್ಲಿ ಗ್ಯಾರೇಜಿನ ಕೂಲಿ ತುಂಬಾ ಜಾಸ್ತಿ. ಚಳಿ ಮುಗಿದ ಕೂಡಲೇ ಎಲ್ಲರೂ ಬೈಕ್ ಹೊರಗೆ ತೆಗೆಯುತ್ತಾರೆ, ಸರ್ವಿಸ್‌ಗೆ ವಾರಗಟ್ಟಲೆ ಕಾಯಬೇಕು. ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಗೆಳೆಯನೊಬ್ಬ ಒಂದು ಮೀಟ್‌ವೆರ್ಕ್‌ಸ್ಟಾಟ್ ತೋರಿಸಿದ. ಅಂದರೆ ಬಾಡಿಗೆ ಗ್ಯಾರೇಜು. ಗಂಟೆ ಲೆಕ್ಕದಲ್ಲಿ ಜಾಗ, ಲಿಫ್ಟ್, ಟೂಲ್ಸ್ ಕೊಡುತ್ತಾರೆ, ಕೆಲಸ ನಾವೇ ಮಾಡಿಕೊಳ್ಳಬೇಕು. ಅದನ್ನು ನೋಡಿಕೊಳ್ಳುತ್ತಿದ್ದ ಹಿರಿಯರು ಒಂದು ನಟ್ಟನ್ನೂ ನನಗಾಗಿ ತಿರುಗಿಸಲಿಲ್ಲ. ಪಕ್ಕದಲ್ಲಿ ನಿಂತು ನೋಡುತ್ತಿದ್ದರು. ತಪ್ಪು ಹೆಜ್ಜೆ ಇಡುವ ಮೊದಲು "ನಿಲ್ಲು" ಅನ್ನುತ್ತಿದ್ದರು. ಆಯಿಲ್ ಇಳಿಸುವುದು, ಬ್ರೇಕ್ ಪ್ಯಾಡ್ ಹಾಕುವುದು, ಟ್ಯಾಪೆಟ್ ಸಂದು ಅಳೆಯಲು ಫೀಲರ್ ಗೇಜ್ ಅನ್ನುವ ತೆಳು ತಗಡು ಹಿಡಿಯುವುದು ಎಲ್ಲಾ ಹೀಗೇ ಬಂತು. ಅವರ ಋಣ ನನ್ನ ಮೇಲೆ ದೊಡ್ಡದಿದೆ. ಹಳೆ ಆಯಿಲ್‌ನ ಚಿಂತೆ ಅಲ್ಲಿರಲಿಲ್ಲ. ಹೊಸ ಆಯಿಲ್ ಮಾರಿದ ಅಂಗಡಿಯವರು ಅಷ್ಟೇ ಪ್ರಮಾಣದ ಹಳೇದನ್ನು ವಾಪಸ್ ತೆಗೆದುಕೊಳ್ಳಬೇಕು ಅಂತ ಕಾನೂನೇ ಇದೆ.

2022ರ ಜುಲೈನಲ್ಲಿ ಇಟಲಿಯ ಸ್ಟೆಲ್ವಿಯೊ ಪಾಸ್ ಅನ್ನುವ ಘಾಟಿ ರಸ್ತೆಗೆ ಹೊರಟೆ. ಅದು 2757 ಮೀಟರ್ ಎತ್ತರ. ನಮ್ಮ ಮುಳ್ಳಯ್ಯನಗಿರಿಯ ಶಿಖರಕ್ಕಿಂತ 800 ಮೀಟರಿಗೂ ಮೇಲೆ ರಸ್ತೆ ಇದೆ ಅಂದುಕೊಳ್ಳಿ. ಉತ್ತರದ ಕಡೆಯಿಂದ ಹತ್ತಿದರೆ 48 ಹೇರ್‌ಪಿನ್ ತಿರುವು. ಹತ್ತಿದ್ದು ಸುಖವಾಗಿತ್ತು. ಇಳಿಯುವಾಗ ಟ್ರಾಫೋಯ್ ಅನ್ನುವ ಹಳ್ಳಿಯ ಹತ್ತಿರ ಹಿಂದಿನ ಚಕ್ರ ಪಂಚರ್ ಆಯಿತು. ಕಡ್ಡಿ ಚಕ್ರ, ಒಳಗೆ ಟ್ಯೂಬು. ಟ್ಯೂಬ್‌ಲೆಸ್ ಟೈರಿನ ಹಾಗೆ ಹೊರಗಿನಿಂದ ಬತ್ತಿ ತುರುಕಿ ಹೊರಡಲು ಆಗುವುದಿಲ್ಲ. ಚಕ್ರ ಬಿಚ್ಚಲೇಬೇಕು.

ಚಕ್ರದ ಅಚ್ಚನ್ನು ಹಿಡಿದಿಡುವ ಆಕ್ಸಲ್ ನಟ್ಟು ಅಲುಗಾಡಲಿಲ್ಲ. ಹೊರಡುವ ಹಿಂದಿನ ವಾರ ಅದನ್ನು ಬಿಗಿ ಮಾಡಿದ್ದು ನಾನೇ, ಆ ಬಾಡಿಗೆ ಗ್ಯಾರೇಜಿನ ಉದ್ದ ಹಿಡಿಕೆಯಿಂದ. ಈಗ ಕೈಯಲ್ಲಿದ್ದದ್ದು ಗೇಣುದ್ದಕ್ಕಿಂತ ಚಿಕ್ಕ ಪಾನಾ. ಈ ಲೆಕ್ಕವನ್ನು ಪ್ರತಿ ರೈಡರ್ ಒಮ್ಮೆ ಹಾಕಿ ನೋಡಬೇಕು. 70 ನ್ಯೂಟನ್ ಮೀಟರ್ ಬಿಗಿ ಇರುವ ನಟ್ಟಿಗೆ 30 ಸೆಂಟಿಮೀಟರ್ ಹಿಡಿಕೆ ಹಾಕಿದರೆ ಸುಮಾರು 24 ಕೆ.ಜಿ. ಭಾರದಷ್ಟು ಒತ್ತಬೇಕು. ಹಿಡಿಕೆ 15 ಸೆಂಟಿಮೀಟರ್ ಆದರೆ 48 ಕೆ.ಜಿ. ಬೇಕು. ನಾನು ಟಾರ್ಕ್ ರೆಂಚ್ ಹಿಡಿಯದೆ, ಇರಲಿ ಅಂತ ಇನ್ನೂ ಬಿಗಿ ಮಾಡಿದ್ದೆ. ಪಾನಾದ ಮೇಲೆ ಹತ್ತಿ ನಿಂತರೆ ಅದು ಜಾರಿ ನಟ್ಟಿನ ಮೂಲೆ ಸವೆಯುತ್ತಿತ್ತು.

ಕೊನೆಗೆ ಟ್ರ್ಯಾಕ್ಟರ್‌ನಲ್ಲಿ ಬಂದ ರೈತರೊಬ್ಬರು ಒಂದು ಕಬ್ಬಿಣದ ಪೈಪ್ ಕೊಟ್ಟರು. ಅದನ್ನು ಪಾನಾಗೆ ತೊಡಿಸಿ ಎಳೆದಾಗ ನಟ್ಟು ಬಿಟ್ಟಿತು. ಬ್ಯಾಗಿನಲ್ಲಿ ಹೊಸ ಟ್ಯೂಬಿತ್ತು, ಟೈರ್ ಎಬ್ಬಿಸುವ ಲಿವರ್ ಇತ್ತು. ಆದರೆ ಟ್ಯೂಬ್ ಹಾಕುವುದನ್ನು ನಾನು ಬರೀ ನೋಡಿದ್ದೆ, ಮಾಡಿರಲಿಲ್ಲ. ಒಂದು ಗಂಟೆ ಒದ್ದಾಡಿ ಹೊಸ ಟ್ಯೂಬನ್ನೂ ಲಿವರಿನಲ್ಲಿ ಕಚ್ಚಿಸಿಬಿಟ್ಟೆ. ಆ ರೈತರೇ ಚಕ್ರವನ್ನು ಟ್ರ್ಯಾಕ್ಟರ್‌ನಲ್ಲಿಟ್ಟು ಕೆಳಗಿನ ಟೈರ್ ಅಂಗಡಿಗೆ ತಲುಪಿಸಿದರು. ಅವರ ಮಾತು ನನಗೆ ಅರ್ಧಕ್ಕರ್ಧ ಅರ್ಥವಾಗುತ್ತಿರಲಿಲ್ಲ. ಆ ದಿನ ರಾತ್ರಿ ರೂಮಿನಲ್ಲಿ ಕೂತು, ಮನೆಯಲ್ಲಿ ಒಮ್ಮೆಯೂ ಬಿಚ್ಚಿ ನೋಡದ ಏನೇನು ಬೈಕಿನಲ್ಲಿದೆ ಅಂತ ಪಟ್ಟಿ ಬರೆದೆ. ಒಂದು ಪುಟ ತುಂಬಿತು.

2023ರಲ್ಲಿ ಬೆಂಗಳೂರಿಗೆ ವಾಪಸ್ ಬಂದೆ. ಆ ಬೈಕನ್ನು ಅಲ್ಲೇ ಮಾರಿ, ಇಲ್ಲಿ ಅದೇ ಮಾದರಿಯ ಹಳೆ ಬೈಕ್ ತೆಗೆದುಕೊಂಡೆ. ಆ ವರ್ಷದ ಕೊನೆಗೆ 452 ಸಿಸಿಯ ಹೊಸ ಹಿಮಾಲಯನ್ ಬಂತು. ಚೆನ್ನಾಗಿದೆ, ನಿಜ. ಆದರೂ ಕೈ ಪಳಗಿದ ಬೈಕೇ ಇರಲಿ ಅನ್ನಿಸಿತು.

ಇಲ್ಲಿ ಬೀದಿಗೊಬ್ಬ ಮೆಕ್ಯಾನಿಕ್ ಇದ್ದಾರೆ, ನೀನೇಕೆ ಮಾಡಬೇಕು ಅಂತ ಗೆಳೆಯರು ಕೇಳುತ್ತಾರೆ. ಇದ್ದಾರೆ, ಒಳ್ಳೆಯವರೂ ಇದ್ದಾರೆ. ಆದರೆ ಅವರು ನಮ್ಮ ಬಡಾವಣೆ ಪಕ್ಕದ ಶ್ರೀನಗರ ಬಸ್ ಸ್ಟಾಪ್ ಹತ್ತಿರ ಇದ್ದಾರೆ, ಕಾಡಿನ ರಸ್ತೆಯಲ್ಲಿ ಅಲ್ಲ. ಇನ್ನೊಂದು ಕಾರಣವೂ ಇದೆ. ಈ ಬೈಕಿನ ಆಯಿಲ್ ಮೊದಲ ಸಲ ಇಳಿಸಲು ಹೋದಾಗ ಎಂಜಿನ್ ಕೆಳಗಿನ ಡ್ರೈನ್ ಬೋಲ್ಟ್ ತಿರುಗುತ್ತಲೇ ಇತ್ತು, ಹೊರಗೆ ಬರಲಿಲ್ಲ. ಮುಂಚೆ ಸರ್ವಿಸ್ ಮಾಡಿದವರು ಯಾರೋ ಅತಿಯಾಗಿ ಬಿಗಿ ಮಾಡಿ ಥ್ರೆಡ್ ತಿನ್ನಿಸಿದ್ದರು. ಬೋಲ್ಟು ಉಕ್ಕಿನದು, ಅದು ಕೂರುವ ಜಾಗ ಅಲ್ಯೂಮಿನಿಯಂ. ಜಗಳ ಆದರೆ ಸೋಲುವುದು ಅಲ್ಯೂಮಿನಿಯಂ. ಲೇತ್ ಕೆಲಸದವರ ಹತ್ತಿರ ಒಂದು ಸೈಜ್ ದೊಡ್ಡ ಥ್ರೆಡ್ ಹೊಡೆಸಿ ಸರಿಮಾಡಿಸಿದೆ. ಈಗ ಪ್ರತಿ ಸಲ ಹೊಸ ವಾಷರ್ ಹಾಕುತ್ತೇನೆ, ಬೋಲ್ಟನ್ನು ಮೊದಲು ಬೆರಳಲ್ಲೇ ಪೂರ್ತಿ ತಿರುಗಿಸುತ್ತೇನೆ. ಬೆರಳಿಗೆ ಸಲೀಸಾಗಿ ಬರದ ಬೋಲ್ಟಿಗೆ ಪಾನಾ ಹಾಕಬೇಡಿ, ದಯವಿಟ್ಟು. ಇಳಿಸಿದ ಆಯಿಲನ್ನು ಕ್ಯಾನಿನಲ್ಲಿ ತುಂಬಿ ಬೀದಿಯ ಗ್ಯಾರೇಜಿನ ಡ್ರಮ್ಮಿಗೆ ಕೊಡುತ್ತೇನೆ. ಚರಂಡಿಗೆ ಸುರಿಯುವುದನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ.

ಸಾಮಾನು ತಂದದ್ದು ಜೆ.ಸಿ. ರಸ್ತೆ ಮತ್ತು ಎಸ್.ಪಿ. ರಸ್ತೆಯಿಂದ. ಅಂಗಡಿಗೆ ಬೈಕನ್ನೇ ತೆಗೆದುಕೊಂಡು ಹೋಗಿ. ಪಾನಾ ಕೊಳ್ಳುವ ಮೊದಲು ನಟ್ಟಿಗೆ ಹಾಕಿ ನೋಡಿ, ಸಡಿಲವಾಗಿ ಅಲ್ಲಾಡಿದರೆ ಬೇಡ. ಸೆಟ್ ಕೊಳ್ಳುವುದಕ್ಕಿಂತ ಬೈಕಿನಲ್ಲಿ ನಿಜವಾಗಿ ಇರುವ ಸೈಜುಗಳನ್ನು ಬಿಡಿಯಾಗಿ ಕೊಳ್ಳುವುದೇ ಮೇಲು. ನನ್ನ ಕಟ್ಟು ಹೀಗೆ ಒಂದೊಂದಾಗಿ ಸೇರಿದ್ದು. ಆಕ್ಸಲ್ ನಟ್ಟಿನ ಪಾನಾಗೆ ತೊಡಿಸಲು ಒಂದು ಪೈಪ್ ತುಂಡು ಕತ್ತರಿಸಿಟ್ಟುಕೊಂಡಿದ್ದೇನೆ. ಟ್ರಾಫೋಯ್‌ನ ಆ ಪೈಪಿನ ನೆನಪಲ್ಲೇ.

ಆಮೇಲೆ ಟ್ಯೂಬಿನ ಅಭ್ಯಾಸ ಶುರು ಮಾಡಿದೆ. ಪಂಚರ್ ಇಲ್ಲದಿದ್ದರೂ ಮನೆ ಮುಂದೆ ಹಿಂದಿನ ಚಕ್ರ ಬಿಚ್ಚಿ, ಟ್ಯೂಬ್ ತೆಗೆದು, ಮತ್ತೆ ಹಾಕಿದೆ. ಮೊದಲ ಸಲ ಎರಡೂವರೆ ಗಂಟೆ ಹಿಡಿಯಿತು. ಬೀದಿಯ ಪಂಚರ್ ಅಂಗಡಿಯ ಅಣ್ಣ ಟೀ ಕುಡಿಯಲು ಹೋಗುತ್ತಿದ್ದವರು ನಿಂತು ನೋಡಿದರು.

"ಸರ್, ಲಿವರ್‌ಗೆ ಯಾಕಿಷ್ಟು ಬಲ ಹಾಕ್ತೀರಾ? ಎದುರುಗಡೆ ಟೈರು ಎಲ್ಲಿ ಕೂತಿದೆ ನೋಡಿ ಮೊದ್ಲು."

ನೋಡಿದೆ. ಗುಟ್ಟು ಅಲ್ಲೇ ಇತ್ತು. ರಿಮ್ಮಿನ ಅಂಚು ಎತ್ತರ, ನಡುವೆ ಸುತ್ತಲೂ ಒಂದು ತಗ್ಗು ಇದೆ. ಟೈರಿನ ಅಂಚಿನಲ್ಲಿ ತಂತಿ ಇರುವುದರಿಂದ ಅದು ಹಿಗ್ಗುವುದಿಲ್ಲ. ಎದುರು ಬದಿಯ ಅಂಚನ್ನು ಮೊಣಕಾಲಿನಿಂದ ಆ ತಗ್ಗಿಗೆ ಒತ್ತಿಟ್ಟರೆ ಮಾತ್ರ ಈ ಕಡೆ ಸಡಿಲ ಸಿಗುತ್ತದೆ. ಆಗ ಲಿವರಿಗೆ ಬಲವೇ ಬೇಡ. ಬಲ ಬೇಕಾಗುತ್ತಿದೆ ಅಂದರೆ ಎದುರುಗಡೆ ಟೈರು ತಗ್ಗಿನಿಂದ ಮೇಲೆ ಬಂದಿದೆ ಅಂತ ಅರ್ಥ. ಹಾಗೆ ಬಲ ಹಾಕಿದಾಗಲೇ ಟ್ಯೂಬು ಕಚ್ಚಿಕೊಳ್ಳುವುದು. ಸ್ಟೆಲ್ವಿಯೊ ಇಳಿಯುವಾಗ ನನಗೆ ಗೊತ್ತಿಲ್ಲದೇ ಇದ್ದದ್ದು ಇಷ್ಟೇ.

ಉಳಿದದ್ದನ್ನೂ ಅಣ್ಣನೇ ಹೇಳಿಕೊಟ್ಟರು. ಟೈರಿನ ಅಂಚಿಗೆ ಸೋಪಿನ ನೀರು ಹಚ್ಚಬೇಕು. ಟ್ಯೂಬಿಗೆ ಪೌಡರ್ ಬಳಿಯಬೇಕು, ಅಮ್ಮ ತಮ್ಮ ಡಬ್ಬಿಯನ್ನೇ ಕೊಟ್ಟರು. ಟ್ಯೂಬಿಗೆ ಆಕಾರ ಬರುವಷ್ಟು ಸ್ವಲ್ಪ ಗಾಳಿ ತುಂಬಿ ಒಳಗಿಟ್ಟರೆ ಮಡಚಿಕೊಳ್ಳುವುದಿಲ್ಲ. ವಾಲ್ವ್ ಇರುವ ಕಡೆಯನ್ನು ಕೊನೆಯಲ್ಲಿ ಮುಚ್ಚಬೇಕು, ಮುಚ್ಚುವ ಮೊದಲು ವಾಲ್ವನ್ನು ಒಳಕ್ಕೆ ತಳ್ಳಬೇಕು. ಎಲ್ಲಕ್ಕಿಂತ ಮೊದಲು, ಟೈರಿನ ಒಳಗೆ ಬಟ್ಟೆ ಆಡಿಸಿ ಮೊಳೆ ಹುಡುಕಬೇಕು. ಬರಿಗೈ ಹಾಕಿದರೆ ಕುಯ್ಯುತ್ತದೆ. ಮೂರನೇ ಭಾನುವಾರ 40 ನಿಮಿಷದಲ್ಲಿ ಮುಗಿಸಿದೆ. ಅಣ್ಣ ಒಂದು ಮಾತೂ ಆಡದೆ ಟೀ ತರಿಸಿಕೊಟ್ಟರು.

ಚೈನಿನ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಸೀಮೆಎಣ್ಣೆ, ಮೆದು ಬ್ರಷ್, ಒಣ ಬಟ್ಟೆ, ಆಮೇಲೆ 90 ನಂಬರ್ ಗೇರ್ ಆಯಿಲ್. ಪೆಟ್ರೋಲ್ ಮತ್ತು ತಂತಿ ಬ್ರಷ್ ಬೇಡ, ಕೊಂಡಿಗಳ ಒಳಗಿನ ರಬ್ಬರ್ ಓ-ರಿಂಗ್ ಹಾಳಾಗುತ್ತದೆ. ಆಯಿಲನ್ನು ರೈಡ್ ಮುಗಿಸಿ ಬಂದ ಕೂಡಲೇ, ಚೈನ್ ಬಿಸಿ ಇರುವಾಗ ಹಚ್ಚಿ. ಚೈನ್ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ, ಅದಕ್ಕೆ ಚಕ್ರ ತಿರುಗಿಸಿ ತೀರಾ ಬಿಗಿಯಾಗಿರುವ ಜಾಗದಲ್ಲಿ ಸಡಿಲ ಅಳೆಯಿರಿ.

ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಬೇಗ ಸವೆಯುವುದು ಕ್ಲಚ್ ವೈರು. ಸಿಲ್ಕ್ ಬೋರ್ಡ್ ದಾಟುವಷ್ಟರಲ್ಲಿ ಎಷ್ಟು ಸಲ ಹಿಡಿದು ಬಿಡುತ್ತೇವೆ, ಅಲ್ವಾ? ಹೊಸ ವೈರನ್ನು ಬ್ಯಾಗಿನಲ್ಲಿ ಇಡುವ ಬದಲು, ಈಗಿರುವ ವೈರಿನ ಪಕ್ಕದಲ್ಲೇ ಅದೇ ದಾರಿಯಲ್ಲಿ ಎಳೆದು ಟೈ ಹಾಕಿಟ್ಟಿದ್ದೇನೆ. ಎರಡೂ ತುದಿಗೆ ನೀರು ಹೋಗದ ಹಾಗೆ ಟೇಪ್ ಸುತ್ತಿದ್ದೇನೆ. ಹಳೇದು ಹರಿದರೆ ಟ್ಯಾಂಕ್ ಎತ್ತಬೇಕಿಲ್ಲ, ಎರಡು ತುದಿ ಬದಲಿಸಿದರೆ ಸಾಕು. ಲಡಾಖ್‌ಗೆ ಹೋಗುವವರು ಮಾಡುವ ಉಪಾಯ ಇದು. ನಗರದಲ್ಲೂ ಅಷ್ಟೇ ಉಪಯೋಗ.

ನಾನು ಮುಟ್ಟದ ಕೆಲಸಗಳೂ ಇವೆ. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ) ಘಟಕ, ಎಂಜಿನ್ ಒಳಗಿನ ಕೆಲಸ, ಚಕ್ರದ ಕಡ್ಡಿ ಬಿಗಿ ಮಾಡಿ ಬೆಂಡು ತೆಗೆಯುವುದು. ಇವಕ್ಕೆ ವರ್ಷಗಟ್ಟಲೆ ಪಳಗಿದ ಕೈ ಬೇಕು. ಅಂಥ ಕೈಗಳು ಇದೇ ಊರಲ್ಲಿ ಇರುವಾಗ ಅವರಿಗೇ ಕೊಡುವುದು ಸರಿ.

2024ರ ಸೆಪ್ಟೆಂಬರ್‌ನಲ್ಲಿ, ಗಣೇಶನ ಹಬ್ಬ ಮುಗಿದ ಮೇಲೆ, ಭಾವ ಮತ್ತು ನಾನು ಹಾಸನ, ಸಕಲೇಶಪುರದ ಮೇಲೆ ಬಿಸಿಲೆ ಘಾಟಿ ಇಳಿದು ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೊರಟೆವು. ಸಣ್ಣ ಮಳೆ. ಎಸ್ಟೇಟುಗಳ ನಡುವೆ ಒಂದು ಮಣ್ಣಿನ ದಾರಿಗೆ ತಿರುಗಿದ್ದೆವು. ಅಲ್ಲಿ ನನ್ನ ಬೈಕಿನ ಹಿಂದಿನ ಚಕ್ರ ತೇಲಾಡಲು ಶುರುವಾಯಿತು. ಬೇಲಿಯ ಮೊಳೆ. ಫೋನಿಗೆ ಸಿಗ್ನಲ್ ಇಲ್ಲ, ಸಂಜೆ ನಾಲ್ಕೂವರೆ.

"ಏನೋ, ಜೀಪ್ ಬರುತ್ತೇನೋ ಕಾಯೋಣ್ವಾ?" ಅಂದರು ಭಾವ.

"ಬೇಡ ಭಾವ, ನೀವು ಉಂಬಳ ನೋಡ್ಕೊಳ್ಳಿ ಸಾಕು."

ಕಟ್ಟು ಬಿಚ್ಚಿದೆ. ಆಕ್ಸಲ್ ನಟ್ಟು ಒಂದೇ ಎಳೆತಕ್ಕೆ ಬಂತು, ಪೈಪೂ ಬೇಕಾಗಲಿಲ್ಲ. ಆ ಶಬ್ದ ಕೇಳಿದಾಗ ಆದ ಸಮಾಧಾನ ಈಗಲೂ ನೆನಪಿದೆ. ಚಕ್ರದ ಎರಡೂ ಬದಿಯ ಸ್ಪೇಸರ್ ಬಳೆಗಳಲ್ಲಿ ಯಾವುದು ಯಾವ ಕಡೆಯದು ಅಂತ ಫೋನಿನಲ್ಲಿ ಫೋಟೋ ತೆಗೆದೆ. ಚಕ್ರ ಹೊರಗಿದ್ದಾಗ ತಪ್ಪಿ ಬ್ರೇಕ್ ಒತ್ತಿದರೆ ಪ್ಯಾಡ್‌ಗಳು ಕೂಡಿಕೊಂಡು ಮತ್ತೆ ಡಿಸ್ಕ್ ಒಳಗೆ ಹೋಗುವುದಿಲ್ಲ, ಅದಕ್ಕೆ ನಡುವೆ ಒಂದು ಮರದ ಚಕ್ಕೆ ಸಿಕ್ಕಿಸಿದೆ. ಟೈರಿನ ಅಂಚು ರಿಮ್ಮಿನಿಂದ ಬಿಡಿಸಲು ಭಾವನ ಬೈಕಿನ ಸೈಡ್ ಸ್ಟ್ಯಾಂಡನ್ನು ಟೈರಿನ ಮೇಲೆ ಊರಿ, ಬೈಕಿನ ಭಾರವನ್ನೇ ಅದರ ಮೇಲೆ ಬಿಟ್ಟೆವು. ಟಪ್ ಅಂತ ಬಿಟ್ಟಿತು. ಮೊಣಕಾಲು, ತಗ್ಗು, ಲಿವರ್. ಸೈಕಲ್ ಪಂಪಿನಲ್ಲಿ ಇಬ್ಬರೂ ಸರದಿಯ ಮೇಲೆ ಗಾಳಿ ಹೊಡೆದೆವು. ಒಟ್ಟು 50 ನಿಮಿಷ. ಕುಕ್ಕೆ ತಲುಪಿದಾಗ ಕತ್ತಲಾಗಿತ್ತು, ಆದರೆ ನಮ್ಮ ಚಕ್ರದ ಮೇಲೆ ನಾವೇ ಹೋಗಿದ್ದೆವು.

ಒಂದೇ ಒಂದು ಕಷ್ಟ ಆಗಿತ್ತು. ಕೊಳೆತ ಎಲೆಯ ಮಣ್ಣಿನಲ್ಲಿ ಡಬಲ್ ಸ್ಟ್ಯಾಂಡ್ ಹೂತು, ಬೈಕ್ ಒಂದು ಕಡೆಗೆ ವಾಲುತ್ತಿತ್ತು. ಚಪ್ಪಟೆ ಕಲ್ಲು ಹುಡುಕಿ ತರಲು ಭಾವ ಮಳೆಯಲ್ಲಿ ಹತ್ತು ನಿಮಿಷ ಓಡಾಡಿದರು. ನಮ್ಮ ಮನೆ ಮುಂದಿನ ಸಿಮೆಂಟ್ ನೆಲದ ಮೇಲೆ ಇದು ನನಗೆ ಹೊಳೆದೇ ಇರಲಿಲ್ಲ. ಮುಂದಿನ ಭಾನುವಾರ ಬೈಕನ್ನು ಪಕ್ಕದ ಖಾಲಿ ಸೈಟಿನ ಒದ್ದೆ ಮಣ್ಣಿಗೆ ತಳ್ಳಿಕೊಂಡು ಹೋಗಿ, ಅಲ್ಲೇ ಚಕ್ರ ಬಿಚ್ಚಿ ಹಾಕಿದೆ. ಈಗ ಕಟ್ಟಿನ ಜೊತೆ ಎರಡು ಅಂಗೈ ಅಗಲದ ಒಂದು ಪ್ಲೈವುಡ್ ತುಂಡೂ ಹೋಗುತ್ತದೆ.