ಈವ್ ಆನ್‌ಲೈನ್: ಮೊದಲು ಯಾವ ಸ್ಕಿಲ್, ಮಳೆಗಾಲಕ್ಕೆ ಯಾವುದು

ಕೊಡಗಿನಲ್ಲಿ ಕೂತು ಆಡುವವರಿಗೆ ಈವ್ ಆನ್‌ಲೈನ್‌ನಷ್ಟು ಹೊಂದುವ ಆಟ ನನಗೆ ಬೇರೆ ಕಂಡಿಲ್ಲ. ಇದು ಬಾಹ್ಯಾಕಾಶದಲ್ಲಿ ಹಡಗು ಓಡಿಸುವ ಆನ್‌ಲೈನ್ ಆಟ. ಇದರಲ್ಲಿ ಸ್ಕಿಲ್ ಬೆಳೆಯುವುದು ಗಡಿಯಾರದ ಲೆಕ್ಕದಲ್ಲಿ. ನೀವು ಎಷ್ಟು ಹೊತ್ತು ಆಡಿದಿರಿ ಎಂದು ಯಾರೂ ಕೇಳುವುದಿಲ್ಲ. ಕಲಿಯಬೇಕಾದ ಸ್ಕಿಲ್‌ಗಳನ್ನು ಸರತಿಗೆ ಹಾಕಿ ಹೊರಬಂದರೆ ಸಾಕು. ಇಲ್ಲಿ ಕರೆಂಟ್ ಹೋಗಲಿ, ನೆಟ್‌ವರ್ಕ್ ಸಾಯಲಿ, ಲಂಡನ್ನಿನಲ್ಲಿರುವ ಟ್ರಾಂಕ್ವಿಲಿಟಿ ಸರ್ವರ್ ನಿಮ್ಮ ಹೆಸರಿಗೆ ನಿಮಿಷಕ್ಕಿಷ್ಟು ಎಂದು ಅಂಕ ಸೇರಿಸುತ್ತಲೇ ಇರುತ್ತದೆ. ಸರ್ವರ್ ಸೆಕೆಂಡಿಗೊಮ್ಮೆ ಮಾತ್ರ ಲೆಕ್ಕ ಹಾಕುವುದರಿಂದ ಪಿಂಗ್ (ಸಂಪರ್ಕದ ತಡ) ಸ್ವಲ್ಪ ಜಾಸ್ತಿ ಇದ್ದರೂ ಆಟ ಕೆಡುವುದಿಲ್ಲ.

ಆದರೆ ಸರತಿಗೆ ಏನು ಹಾಕಬೇಕು, ಯಾವುದು ಮೊದಲು ಎನ್ನುವುದನ್ನು ತಪ್ಪಿಸಿಕೊಂಡರೆ ತಿಂಗಳುಗಟ್ಟಲೆ ವ್ಯರ್ಥ. ನಾನು ಉಚಿತ ಖಾತೆಯಲ್ಲಿ, ಅಂದರೆ ಆಲ್ಫಾದಲ್ಲಿ, ಹಾಕಿಕೊಂಡ ಕ್ರಮವನ್ನೂ ಅದರ ಹಿಂದಿನ ಲೆಕ್ಕವನ್ನೂ ಇಲ್ಲಿ ಬರೆಯುತ್ತೇನೆ.

ಮೊದಲು ಲೆಕ್ಕ. ಪ್ರತಿ ಸ್ಕಿಲ್‌ಗೆ 5 ಲೆವೆಲ್. ಪ್ರತಿ ಸ್ಕಿಲ್‌ಗೂ ಒಂದು ಗುಣಕ ಇದೆ. ಗುಣಕ 1 ಇರುವ ಸ್ಕಿಲ್‌ನಲ್ಲಿ ಲೆವೆಲ್ 1ಕ್ಕೆ 250 ಎಸ್‌ಪಿ (ಸ್ಕಿಲ್ ಪಾಯಿಂಟ್, ಅಂದರೆ ಕಲಿಕೆಯ ಅಂಕ), 2ಕ್ಕೆ ಒಟ್ಟು 1,415, 3ಕ್ಕೆ 8,000, 4ಕ್ಕೆ 45,255, 5ಕ್ಕೆ 2,56,000. ಗುಣಕ 3 ಇದ್ದರೆ ಇವೆಲ್ಲ ಮೂರು ಪಟ್ಟು. ನಿಮ್ಮ ಪಾತ್ರಕ್ಕೆ ಬುದ್ಧಿ, ನೆನಪು, ಗ್ರಹಿಕೆ, ಛಲದಂಥ ಗುಣಗಳಿವೆ, ಪ್ರತಿ ಸ್ಕಿಲ್ ಅವುಗಳಲ್ಲಿ ಎರಡರ ಮೇಲೆ ನಿಂತಿದೆ. ಕಲಿಕೆಯ ವೇಗ ಬರುವುದು ಆ ಸ್ಕಿಲ್‌ನ ಮುಖ್ಯ ಗುಣಕ್ಕೆ ಎರಡನೇ ಗುಣದ ಅರ್ಧ ಸೇರಿಸಿ. ಹೊಸ ಪಾತ್ರಕ್ಕೆ ಹೆಚ್ಚಿನ ಗುಣಗಳೆಲ್ಲ 20 ಇರುವುದರಿಂದ 20ಕ್ಕೆ 10 ಸೇರಿ ನಿಮಿಷಕ್ಕೆ 30 ಎಸ್‌ಪಿ. ಇದು ಹಣ ಕಟ್ಟಿದ ಒಮೆಗಾಗೆ. ಆಲ್ಫಾಗೆ ಇದರ ಅರ್ಧ, ನಿಮಿಷಕ್ಕೆ 15, ದಿನಕ್ಕೆ 21,600.

ಈಗ ಗುಣಕ 1ರ ಸ್ಕಿಲ್ ಒಂದನ್ನು ಆಲ್ಫಾದಲ್ಲಿ ಓಡಿಸಿ ನೋಡಿ. ಸೊನ್ನೆಯಿಂದ ಲೆವೆಲ್ 3ಕ್ಕೆ ಸುಮಾರು 9 ಗಂಟೆ. 3ರಿಂದ 4ಕ್ಕೆ 41 ಗಂಟೆ. 4ರಿಂದ 5ಕ್ಕೆ 9 ದಿನ 18 ಗಂಟೆ. ಲೆವೆಲ್‌ಗೆ 5% ಕೊಡುವ ಸ್ಕಿಲ್ ಆದರೆ 4ರಲ್ಲಿ 20% ಸಿಕ್ಕಿರುತ್ತದೆ, 5ರಲ್ಲಿ 25%. 120 ಇದ್ದದ್ದು 125 ಆಗುತ್ತದೆ, ಅಂದರೆ ನಿಜವಾದ ಏರಿಕೆ 4% ಚಿಲ್ಲರೆ. ಅಷ್ಟಕ್ಕೆ ಹತ್ತಿರ ಹತ್ತಿರ ಹತ್ತು ದಿನ ಕೊಡುವ ಮೊದಲು ಎರಡು ಸಲ ಯೋಚಿಸಬೇಕು.

ಆಲ್ಫಾದವರು ಇನ್ನೂ ಹೆಚ್ಚು ಯೋಚಿಸಬೇಕು, ಏಕೆಂದರೆ 50 ಲಕ್ಷ ಎಸ್‌ಪಿ ಮುಟ್ಟಿದ ಮೇಲೆ ಅವರ ಕಲಿಕೆ ನಿಲ್ಲುತ್ತದೆ. ಶುರುವಿನಲ್ಲಿ ಸಿಗುವ ಸುಮಾರು 4 ಲಕ್ಷ ಬಿಟ್ಟರೆ ಉಳಿದದ್ದು 213 ದಿನದ ಕಲಿಕೆ. ಗುಣಕ 1ರ ಒಂದೇ ಸ್ಕಿಲ್ ಅನ್ನು ಲೆವೆಲ್ 5ಕ್ಕೆ ಒಯ್ದರೆ ಇಡೀ ಮಿತಿಯ 5% ಅದೊಂದಕ್ಕೇ ಹೋಗುತ್ತದೆ. ಕಲಿತದ್ದನ್ನು ಹೊರತೆಗೆಯುವ ಎಕ್ಸ್‌ಟ್ರಾಕ್ಟರ್ ಇದೆಯಾದರೂ ಅದು ಕೆಲಸ ಮಾಡುವುದು 55 ಲಕ್ಷ ದಾಟಿದ ಪಾತ್ರಕ್ಕೆ. ಹೊಸಬರಿಗೆ ಹಿಂದೆ ಹೋಗುವ ದಾರಿ ಇಲ್ಲವೆಂದೇ ತಿಳಿಯಿರಿ.

ಹೀಗಾಗಿ ಯಾವ ಹಡಗಿನಲ್ಲಿ ಕೂತರೂ ಕೆಲಸ ಮಾಡುವ ಸ್ಕಿಲ್‌ಗಳು ಮೊದಲು. ಆಟಗಾರರು ಇವನ್ನು ಮ್ಯಾಜಿಕ್ 14 ಎನ್ನುತ್ತಾರೆ: ಸಿಪಿಯು ಮ್ಯಾನೇಜ್‌ಮೆಂಟ್, ಪವರ್ ಗ್ರಿಡ್ ಮ್ಯಾನೇಜ್‌ಮೆಂಟ್, ಕೆಪಾಸಿಟರ್ ಮ್ಯಾನೇಜ್‌ಮೆಂಟ್, ಕೆಪಾಸಿಟರ್ ಸಿಸ್ಟಮ್ಸ್ ಆಪರೇಶನ್, ಮೆಕ್ಯಾನಿಕ್ಸ್, ಹಲ್ ಅಪ್‌ಗ್ರೇಡ್ಸ್, ಶೀಲ್ಡ್ ಮ್ಯಾನೇಜ್‌ಮೆಂಟ್, ಶೀಲ್ಡ್ ಆಪರೇಶನ್, ಲಾಂಗ್ ರೇಂಜ್ ಟಾರ್ಗೆಟಿಂಗ್, ಸಿಗ್ನೇಚರ್ ಅನಾಲಿಸಿಸ್, ನ್ಯಾವಿಗೇಶನ್, ಇವೇಸಿವ್ ಮನೂವರಿಂಗ್, ವಾರ್ಪ್ ಡ್ರೈವ್ ಆಪರೇಶನ್, ಸ್ಪೇಸ್‌ಶಿಪ್ ಕಮಾಂಡ್. ಇವುಗಳ ಗುಣಕ ಕೂಡಿಸಿದರೆ 21 ಬರುತ್ತದೆ. ಎಲ್ಲವನ್ನೂ ಲೆವೆಲ್ 3ಕ್ಕೆ ತರಲು 1,68,000 ಎಸ್‌ಪಿ, ಆಲ್ಫಾಗೆ 8 ದಿನದೊಳಗೆ. ಲೆವೆಲ್ 4ಕ್ಕೆ ಒಟ್ಟು ಸುಮಾರು 9.5 ಲಕ್ಷ, 44 ದಿನ. ಶುರುವಿನಲ್ಲೇ ಕೆಲವು ಸ್ವಲ್ಪ ಕಲಿತಿರುವುದರಿಂದ ನಿಜದಲ್ಲಿ ಇನ್ನೂ ಕಡಿಮೆ. ಎಲ್ಲವನ್ನೂ 5ಕ್ಕೆ ಒಯ್ಯುತ್ತೇನೆ ಎಂದರೆ 53.76 ಲಕ್ಷ ಬೇಕು, ಆಲ್ಫಾದ ಮಿತಿಯೇ ಸಾಲದು. ಅದಲ್ಲದೆ ಕೆಲವು ಸ್ಕಿಲ್‌ಗಳಿಗೆ ಆಲ್ಫಾದಲ್ಲಿ ಮೇಲಿನ ಲೆವೆಲ್ ತೆರೆಯುವುದೂ ಇಲ್ಲ. ಎಲ್ಲಿಯವರೆಗೆ ಹೋಗಬಹುದು ಎಂದು ಸ್ಕಿಲ್ ಕಿಟಕಿಯಲ್ಲೇ ಕಾಣುತ್ತದೆ.

ನಾನು ಮೊದಲ ವಾರ ಹದಿನಾಲ್ಕನ್ನೂ 3ಕ್ಕೆ ತಂದು ನಿಲ್ಲಿಸಿದೆ. ಚಿಕ್ಕದು ಮೊದಲು, ದೊಡ್ಡದು ಕೊನೆಗೆ. 4ಕ್ಕೆ ಒಯ್ಯುವಾಗ ಮಾತ್ರ ಸಾಮಾನ್ಯವಾಗಿ ಎಲ್ಲರೂ ಹೇಳುವ ಕ್ರಮವನ್ನು ಬಿಟ್ಟೆ.

ಸಿಪಿಯು ಮತ್ತು ಪವರ್ ಗ್ರಿಡ್ ಮೊದಲು, ಅದರಲ್ಲಿ ಎರಡು ಮಾತಿಲ್ಲ. ಹಡಗಿಗೆ ಕೂರಿಸುವ ಪ್ರತಿ ಸಾಮಾನೂ ಈ ಎರಡರಲ್ಲಿ ಒಂದಿಷ್ಟು ಪಾಲು ಬೇಡುತ್ತದೆ. ಹಡಗಿನ ಮೂಲ ಸಿಪಿಯು 300 ಎಂದಿಟ್ಟುಕೊಳ್ಳಿ. ಲೆವೆಲ್ 3ರಲ್ಲಿ 345, 4ರಲ್ಲಿ 360. ಈ 15ರ ಅಂತರದಲ್ಲೇ ಒಂದು ಸಾಮಾನು ಕೂರುತ್ತದೆ ಅಥವಾ ಹೊರಗುಳಿಯುತ್ತದೆ. ಕೂರದಿದ್ದಾಗ ಹೊಸಬರು ಕಡಿಮೆ ಸಿಪಿಯು ಬೇಡುವ ದುಬಾರಿ ಸಾಮಾನು ಕೊಳ್ಳುತ್ತಾರೆ, ನಾಲ್ಕು ದಿನದಲ್ಲಿ ಹಡಗು ಸುಟ್ಟು ಅದೂ ಹೋಗುತ್ತದೆ. ಕೊಳ್ಳುವ ಮೊದಲು ಫಿಟ್ಟಿಂಗ್ ಕಿಟಕಿಯಲ್ಲಿ ಸಿಮ್ಯುಲೇಶನ್ ಹಾಕಿ ನೋಡಿ. ಹಡಗು ನಿಮ್ಮ ಬಳಿ ಇಲ್ಲದಿದ್ದರೂ ಎಷ್ಟು ಸಾಲದು, ಯಾವ ಸ್ಕಿಲ್ ಕಡಿಮೆ ಎಂದು ತೋರಿಸುತ್ತದೆ.

ಇವೆರಡರ ನಂತರ ನಾನು ಹಾಕಿದ್ದು ಇವೇಸಿವ್ ಮನೂವರಿಂಗ್, ಸ್ಪೇಸ್‌ಶಿಪ್ ಕಮಾಂಡ್, ಆಮೇಲೆ ಹಲ್ ಅಪ್‌ಗ್ರೇಡ್ಸ್ ಮತ್ತು ಶೀಲ್ಡ್ ಮ್ಯಾನೇಜ್‌ಮೆಂಟ್. ಇದು ನಮ್ಮ ಕರೆಂಟಿನ ಲೆಕ್ಕ. ಮಧ್ಯದಲ್ಲಿ ಸಂಪರ್ಕ ಕಡಿದರೆ ಹಡಗು ತಾನಾಗಿಯೇ ತುರ್ತು ವಾರ್ಪ್ (ಅತಿವೇಗದ ಜಿಗಿತ) ಮಾಡಿ ದೂರ ಹೋಗಿ ನಿಲ್ಲುತ್ತದೆ. ವಾರ್ಪ್ ಮಾಡಲು ಅದು ತಿರುಗಿ ವೇಗ ಹಿಡಿಯಬೇಕು, ಅಷ್ಟು ಹೊತ್ತೂ ಏಟು ಬೀಳುತ್ತಿರುತ್ತದೆ. ಇವೇಸಿವ್ ಮನೂವರಿಂಗ್ ಲೆವೆಲ್‌ಗೆ 5%, ಸ್ಪೇಸ್‌ಶಿಪ್ ಕಮಾಂಡ್ ಲೆವೆಲ್‌ಗೆ 2% ಚುರುಕುತನ ಕೊಟ್ಟು ಆ ಸಮಯವನ್ನು ಇಳಿಸುತ್ತವೆ. ಶೀಲ್ಡ್ ಮತ್ತು ಕವಚದ ಗಾತ್ರ ಹೆಚ್ಚಿಸುವ ಸ್ಕಿಲ್‌ಗಳಿಗೆ ನೀವು ಗುಂಡಿ ಒತ್ತುವುದೇ ಬೇಡ, ನೀವು ಪರದೆಯ ಮುಂದೆ ಇಲ್ಲದಾಗಲೂ ಅವು ಇರುತ್ತವೆ. ಶತ್ರು ವಾರ್ಪ್ ತಡೆಯುವ ಸಾಮಾನು ಹಾಕಿದ್ದರೆ ಇದ್ಯಾವುದೂ ನಡೆಯದು, ಅದನ್ನೂ ಹೇಳಿಬಿಡುತ್ತೇನೆ. ಹಾಗಾಗಿ ಆಕಾಶ ಕಪ್ಪಾಗಿ ಗುಡುಗು ಶುರುವಾದರೆ ನಾನು ಸ್ಟೇಷನ್ನಿನೊಳಗೇ ಇರುವುದು.

ಲಾಂಗ್ ರೇಂಜ್ ಟಾರ್ಗೆಟಿಂಗ್ ಮತ್ತು ವಾರ್ಪ್ ಡ್ರೈವ್ ಆಪರೇಶನ್ ಎರಡನ್ನೂ 3ರಲ್ಲೇ ಬಿಟ್ಟೆ. ನಾನು ಆಡುವುದು ಡ್ರೋನ್ ಹಡಗು, ಅಂದರೆ ಶತ್ರುವನ್ನು ಹೊಡೆಯಲು ಚಿಕ್ಕ ಹಾರುವ ಯಂತ್ರಗಳನ್ನು ಬಿಡುವಂಥದ್ದು. ಡ್ರೋನ್‌ಗಳ ಹಿಡಿತ ಸಿಗುವಷ್ಟು ದೂರಕ್ಕಿಂತ ಆಚೆ ಗುರಿ ಹಿಡಿದು ಪ್ರಯೋಜನವಿಲ್ಲ.

ಈಗ ಆಯುಧ. ಒಂದನ್ನೇ ಆರಿಸಿ. ಸ್ವಲ್ಪ ಲೇಸರ್, ಸ್ವಲ್ಪ ಮಿಸೈಲ್, ಸ್ವಲ್ಪ ಡ್ರೋನ್ ಎಂದು ಹಂಚಿದರೆ 50 ಲಕ್ಷ ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ. ನನ್ನ ಆಯ್ಕೆ ಆಟದ ಬಣಗಳಲ್ಲೊಂದಾದ ಗ್ಯಾಲೆಂಟೆ ಕಡೆಯ ಡ್ರೋನ್ ಹಡಗುಗಳು, ಮೊದಲು ಟ್ರಿಸ್ಟನ್ ಎಂಬ ಚಿಕ್ಕ ಹಡಗು (ಫ್ರಿಗೇಟ್), ನಂತರ ವೆಕ್ಸರ್ ಎಂಬ ಮಧ್ಯಮ ಹಡಗು (ಕ್ರೂಸರ್). ಇಲ್ಲಿ ಒಂದು ಅಪವಾದ ಇದೆ, ಅದನ್ನು ಹತ್ತಿರದಿಂದ ನೋಡಬೇಕು.

ಡ್ರೋನ್ಸ್ ಎಂಬ ಸ್ಕಿಲ್ ಲೆವೆಲ್‌ಗೆ ಒಂದು ಡ್ರೋನ್ ಕೊಡುತ್ತದೆ. ಲೆವೆಲ್ 4ರಲ್ಲಿ ನಾಲ್ಕು, 5ರಲ್ಲಿ ಐದು. ನಾಲ್ಕರಿಂದ ಐದಕ್ಕೆ ಹೋದರೆ ಹೊಡೆತ ನೇರವಾಗಿ 25% ಏರುತ್ತದೆ. ಬೇರೆ ಸ್ಕಿಲ್‌ನ 5ನೇ ಲೆವೆಲ್ 4% ಕೊಡುವಲ್ಲಿ ಇದು 25% ಕೊಡುತ್ತದೆ, ಗುಣಕ ಅದೇ 1. ಅಷ್ಟೇ ಅಲ್ಲ, ಡ್ರೋನ್ ಇಂಟರ್‌ಫೇಸಿಂಗ್ ಎಂಬ ಸ್ಕಿಲ್ ತೆರೆಯುವುದೇ ಡ್ರೋನ್ಸ್ 5 ಆದ ಮೇಲೆ. ಅದು ಲೆವೆಲ್‌ಗೆ 10% ಹೊಡೆತ ಹೆಚ್ಚಿಸುತ್ತದೆ. ಗುಣಕ 5 ಇದ್ದರೂ ಲೆವೆಲ್ 3ಕ್ಕೆ ಬೇಕಾದದ್ದು 40,000 ಎಸ್‌ಪಿ ಮಾತ್ರ, ಆಲ್ಫಾಗೆ ಎರಡು ದಿನವೂ ಬೇಡ, 30% ಏರಿಕೆ.

ಇದನ್ನು ಗ್ಯಾಲೆಂಟೆ ಕ್ರೂಸರ್ ಸ್ಕಿಲ್ ಜೊತೆ ಹೋಲಿಸಿ. ವೆಕ್ಸರ್‌ಗೆ ಅದು ಲೆವೆಲ್‌ಗೆ 10% ಡ್ರೋನ್ ಹೊಡೆತ ಕೊಡುತ್ತದೆ, ಗುಣಕ 5. 3ರಿಂದ 4ಕ್ಕೆ 1,86,000 ಎಸ್‌ಪಿ ಚಿಲ್ಲರೆ ಬೇಕು, ಸಿಗುವುದು 130 ಇದ್ದದ್ದು 140. ಅದಕ್ಕೇ ನಾನು ಕ್ರೂಸರ್ ಸ್ಕಿಲ್ ಅನ್ನು 3ರಲ್ಲಿ ನಿಲ್ಲಿಸಿ ಡ್ರೋನ್ಸ್ 5, ನಂತರ ಇಂಟರ್‌ಫೇಸಿಂಗ್ 3 ಮುಗಿಸಿದೆ. ಆಮೇಲೆ ಲೈಟ್ ಡ್ರೋನ್ ಆಪರೇಶನ್ 4, ಮೀಡಿಯಂ ಡ್ರೋನ್ ಆಪರೇಶನ್ 4, ಡ್ರೋನ್ ಏವಿಯಾನಿಕ್ಸ್ 3. ಕೊನೆಯದು ಲೆವೆಲ್‌ಗೆ 5 ಕಿ.ಮೀ. ಹಿಡಿತದ ದೂರ ಹೆಚ್ಚಿಸುತ್ತದೆ.

ವೆಕ್ಸರ್‌ನ ಡ್ರೋನ್ ಬ್ಯಾಂಡ್‌ವಿಡ್ತ್, ಅಂದರೆ ಒಮ್ಮೆಗೆ ಹಾರಿಸಬಹುದಾದ ಡ್ರೋನ್‌ಗಳ ಮಿತಿ, 75. ಲೈಟ್ ಒಂದಕ್ಕೆ 5, ಮೀಡಿಯಂಗೆ 10, ಹೆವಿಗೆ 25. ಎರಡು ಹೆವಿ, ಎರಡು ಮೀಡಿಯಂ, ಒಂದು ಲೈಟ್ ಸೇರಿಸಿದರೆ ಸರಿಯಾಗಿ 75. ಆದರೆ ಇದಕ್ಕೆ ಹೆವಿ ಡ್ರೋನ್ ಸ್ಕಿಲ್ ಬೇರೆ ಕಲಿಯಬೇಕು. ಐದು ಮೀಡಿಯಂ, ಜೊತೆಗೆ ಸಣ್ಣ ಶತ್ರುಗಳಿಗೆ ಐದು ಲೈಟ್ ಇಟ್ಟುಕೊಂಡರೆ ಮೊದಲ ಮೂರು ತಿಂಗಳು ಧಾರಾಳ ಸಾಕು. ಸಂಪರ್ಕ ಕಡಿದು ಹಡಗು ವಾರ್ಪ್ ಆದರೆ ಡ್ರೋನ್‌ಗಳು ಅಲ್ಲೇ ಉಳಿಯುತ್ತವೆ. ಮತ್ತೆ ಅದೇ ಜಾಗಕ್ಕೆ ಹೋಗಿ ಕಳೆದ ಡ್ರೋನ್‌ಗಳಿಗೆ ಮರುಸಂಪರ್ಕ ಕೊಡುವ ಆಯ್ಕೆ ಇದೆ, ಅದನ್ನು ಮರೆಯಬೇಡಿ. ಕಳೆದುಹೋದರೆ ಇರಲೆಂದು ಒಂದು ಜೊತೆ ಹೆಚ್ಚೇ ಇಟ್ಟಿರಿ.

ಗುಣಗಳನ್ನು ಮರುಹಂಚುವ ರಿಮ್ಯಾಪ್ ಬಗ್ಗೆ ಬಹಳ ಜನ ಕೇಳುತ್ತಾರೆ. ಮುಖ್ಯ ಗುಣ 27, ಎರಡನೆಯದು 21 ಮಾಡಿದರೆ ಒಮೆಗಾದಲ್ಲಿ ನಿಮಿಷಕ್ಕೆ 37.5 ಎಸ್‌ಪಿ. ಉಳಿದ ಗುಣಗಳು 17ಕ್ಕೆ ಇಳಿಯುವುದರಿಂದ ಅವುಗಳ ಸ್ಕಿಲ್ 25.5ಕ್ಕೆ ಕುಸಿಯುತ್ತದೆ. ಮ್ಯಾಜಿಕ್ 14ರಲ್ಲಿ ಹೆಚ್ಚಿನವು ಬುದ್ಧಿ ಮತ್ತು ನೆನಪಿನ ಮೇಲೆ ನಿಂತಿವೆ, ಹಡಗು ಮತ್ತು ಗನ್ ಸ್ಕಿಲ್‌ಗಳು ಗ್ರಹಿಕೆ ಮತ್ತು ಛಲದ ಮೇಲೆ. ಮೊದಲ ತಿಂಗಳುಗಳಲ್ಲಿ ಎರಡೂ ಕಡೆ ಓಡಾಡುತ್ತೀರಿ. ಮುಟ್ಟದೆ ಬಿಡುವುದೇ ಸರಿ ಎಂದು ನನ್ನ ಅಭಿಪ್ರಾಯ.

ಇನ್ನು ಮಳೆಗಾಲ. ಜೂನ್ ಕಳೆದು ಕೊಡವರ ಕಕ್ಕಡ ತಿಂಗಳು ಬಂತೆಂದರೆ ಮರ ಬಿದ್ದು ಕಂಬ ಮುರಿದು ಮೂರು ನಾಲ್ಕು ದಿನ ಕರೆಂಟ್ ಇಲ್ಲದಿರುವುದು ಇಲ್ಲಿ ಮಾಮೂಲು. ಇನ್‌ವರ್ಟರ್ ದೀಪಕ್ಕೇ ಸಾಲದು. ಸರತಿ ಖಾಲಿಯಾದರೆ ಆ ಹೊತ್ತಿನ ಎಸ್‌ಪಿ ಹೋದದ್ದೇ, ಆಮೇಲೆ ಕೊಡುವುದಿಲ್ಲ. ಆಲ್ಫಾದ ಸರತಿ ಒಮೆಗಾದಷ್ಟು ಉದ್ದಕ್ಕೆ ಹೋಗುವುದಿಲ್ಲ. ಆದ್ದರಿಂದ ಚಿಕ್ಕ ಚಿಕ್ಕ ಲೆವೆಲ್‌ಗಳನ್ನೆಲ್ಲ ಬೇಸಿಗೆಯಲ್ಲಿ ಮುಗಿಸಿ, 9 ದಿನ 18 ಗಂಟೆ ಹಿಡಿಯುವ 5ನೇ ಲೆವೆಲ್‌ಗಳನ್ನು ಮಳೆಗೆಂದೇ ಉಳಿಸಿಕೊಳ್ಳಿ. ಒಂದು ಶುರುವಾದರೆ ಮುಗಿಯುವ ತನಕ ನಿಲ್ಲುವುದಿಲ್ಲ, ನೀವು ಒಳಗೆ ಹೋಗಿ ನೋಡುವ ಅಗತ್ಯವೂ ಇಲ್ಲ. ಸರ್ವರ್ ದಿನಾ ನಮ್ಮ ಸಂಜೆ 4.30ಕ್ಕೆ ಸ್ವಲ್ಪ ಹೊತ್ತು ಮುಚ್ಚುತ್ತದೆ. ಆಗಲೂ ಕಲಿಕೆ ನಡೆಯುತ್ತಿರುತ್ತದೆ, ಅದಕ್ಕೆ ಗಾಬರಿ ಬೇಡ. ಆದರೆ ಕರೆಂಟ್ ಬಂದ ಅರ್ಧ ಗಂಟೆಯಲ್ಲಿ ಸರತಿ ತುಂಬಬೇಕೆಂದು ಕಾದವರು ಆ ಸಮಯ ನೆನಪಿಟ್ಟುಕೊಳ್ಳಿ.

ವರ್ಷದಲ್ಲಿ ಒಂದೇ ತಿಂಗಳು ಒಮೆಗಾ ಕೊಳ್ಳುವ ಶಕ್ತಿ ಇದ್ದರೆ ಕೊಯ್ಲಿನ ಕಾಲ ಬಿಟ್ಟು ಕಕ್ಕಡಕ್ಕೆ ಕೊಳ್ಳಿ ಎನ್ನುತ್ತೇನೆ. ವೇಗ ಎರಡು ಪಟ್ಟು, ತಿಂಗಳಿಗೆ ಸುಮಾರು 13 ಲಕ್ಷ ಎಸ್‌ಪಿ, ಸರತಿಯೂ ಉದ್ದ. ನಾನು ಹಾಕುವ ಕ್ರಮ: ಡ್ರೋನ್ಸ್ 5 ಆಗಿರದಿದ್ದರೆ ಅದು, 4 ದಿನ 21 ಗಂಟೆ. ಅದರ ಬೆನ್ನಿಗೆ ಡ್ರೋನ್ ಇಂಟರ್‌ಫೇಸಿಂಗ್ 1ರಿಂದ 3, 22 ಗಂಟೆ. ಇಂಟರ್‌ಫೇಸಿಂಗ್ 4ಕ್ಕೆ 4 ದಿನ 7 ಗಂಟೆ. ನಂತರ ಸಿಪಿಯು 5, ಪವರ್ ಗ್ರಿಡ್ 5, ಲೈಟ್ ಡ್ರೋನ್ ಆಪರೇಶನ್ 5, ತಲಾ 4 ದಿನ 21 ಗಂಟೆ. ಒಟ್ಟು 25 ದಿನಕ್ಕೆ ಸ್ವಲ್ಪ ಕಡಿಮೆ. ಕೊನೆಯದು 20% ಹೆಚ್ಚು ಹೊಡೆಯುವ ಮೇಲ್ದರ್ಜೆಯ (ಟೆಕ್ 2) ಲೈಟ್ ಡ್ರೋನ್‌ಗಳ ಬಾಗಿಲು ತೆರೆಯುತ್ತದೆ. ಒಮೆಗಾ ಮುಗಿದ ಮೇಲೆ ಆಲ್ಫಾಗೆ ಅವಕಾಶವಿಲ್ಲದ ಲೆವೆಲ್‌ಗಳು ಅಳಿದುಹೋಗುವುದಿಲ್ಲ, ಬಳಸಲು ಬರುವುದಿಲ್ಲ ಅಷ್ಟೇ. ಅದಕ್ಕಾಗಿ ಸರತಿಗೆ ಹಾಕುವ ಮೊದಲು ಪ್ರತಿಯೊಂದರ ಆಲ್ಫಾ ಮಿತಿ ನೋಡಿ, ಒಳಗೆ ಬರುವುದನ್ನು ಮುಂದೆ, ಹೊರಗೆ ಉಳಿಯುವುದನ್ನು ಕೊನೆಗೆ ಹಾಕಿ.